ಫಾರಿನ್‌ಗೆ ಹೋದಾಗ ಅಲ್ಲೇ ಹೆರಿಗೆ ಆದ್ರೆ ಮಗು ಯಾವ ದೇಶದ್ದು, ಬಿಲ್ ಕಟ್ಟೋದು ಯಾರು?

ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕು ಅನ್ನೋದು ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಇವತ್ತಿಗೂ ನಡ್ಕೊಂಡು ಬಂದಿರೋ ಪದ್ಧತಿ. ಆದ್ರೆ ಗಂಡ ದುಬೈನಲ್ಲೋ ಮಸ್ಕತ್‌ನಲ್ಲೋ ಕೆಲಸದಲ್ಲಿದ್ದಾಗ ಬಸುರಿ ಹೆಂಡ್ತಿ ವಿಸಿಟ್ ವೀಸಾದಲ್ಲಿ ಹೋಗೋದು, ಅಮೆರಿಕದ ಅಕ್ಕನ ಮನೆಗೆ ಹೋದವರಿಗೆ ದಿನ ತುಂಬೋಕೆ ಮುಂಚೆನೇ ನೋವು ಕಾಣಿಸ್ಕೊಳ್ಳೋದು, ಇಲ್ಲಾಂದ್ರೆ 'ಅಲ್ಲೇ ಹೆತ್ರೆ ಮಗೂಗೆ ಅಲ್ಲಿಂದೇ ಪಾಸ್‌ಪೋರ್ಟ್ ಅಂತೆ' ಅಂತ ಮದುವೆ ಮನೇಲಿ ಯಾರೋ ಹೇಳಿದ್ದನ್ನ ನಂಬಿ ಟಿಕೆಟ್ ಮಾಡಿಸೋದು, ಇವೆಲ್ಲ ಈಗ ನಮ್ಮ ಊರುಗಳಲ್ಲೂ ಕೇಳಿಬರ್ತಿದೆ. ಒಂದು ಮಾತು ಮೊದಲೇ ತಲೇಲಿಟ್ಕೊಳ್ಳಿ: ಪೌರತ್ವದ ಕಾನೂನೇ ಬೇರೆ, ಆಸ್ಪತ್ರೆ ಬಿಲ್‌ನ ಲೆಕ್ಕಾನೇ ಬೇರೆ. ಮಗೂಗೆ ಪೌರತ್ವ ಕೊಡೋ ದೇಶ ಕೂಡ ವಿಸಿಟರ್ ಆಗಿ ಬಂದ ತಾಯಿಯ ಹೆರಿಗೆ ಖರ್ಚು ಸಾಮಾನ್ಯವಾಗಿ ಕೊಡಲ್ಲ.

ಹೆಜ್ಜೆ 1: ಹೋಗ್ತಿರೋ ದೇಶದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುತ್ತಾ ನೋಡಿ

ಬಹಳಷ್ಟು ದೇಶಗಳಲ್ಲಿ ಸಿಗಲ್ಲ. ದುಬೈ, ಸೌದಿ, ಕತಾರ್, ಕುವೈತ್, ಸಿಂಗಾಪುರ, ಇಲ್ಲೆಲ್ಲ ಹುಟ್ಟಿದ ನಮ್ಮ ಮಗು ಭಾರತದ ಮಗೂನೇ. ಬ್ರಿಟನ್‌ನಲ್ಲಿ 1983ರ ಜನವರಿ 1ರಿಂದಲೇ ಆ ಕಾನೂನು ಹೋಯ್ತು, ತಂದೆ ತಾಯಿ ಇಬ್ಬರಲ್ಲಿ ಒಬ್ಬರಾದ್ರೂ ಅಲ್ಲಿನ ಪ್ರಜೆ ಆಗಿರ್ಬೇಕು ಇಲ್ಲಾ ಅಲ್ಲಿ ಕಾಯಂ ನೆಲೆಸೋಕೆ ಅನುಮತಿ ಇರ್ಬೇಕು. ಆಸ್ಟ್ರೇಲಿಯಾ 1986ರಲ್ಲಿ, ಐರ್ಲೆಂಡ್ 2005ರಲ್ಲಿ, ನ್ಯೂಜಿಲೆಂಡ್ 2006ರಲ್ಲಿ ಇದೇ ದಾರಿ ಹಿಡಿದ್ವು. ಆದ್ರೆ ಕೆನಡಾದಲ್ಲಿ ವಿಸಿಟರ್‌ಗೆ ಹುಟ್ಟಿದ ಮಗೂಗೂ ಪೌರತ್ವ ಸಿಗುತ್ತೆ ಅನ್ನೋ ನಿಯಮ ಇದೆ.

ಅಮೆರಿಕದ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಅಲ್ಲಿನ ಸಂವಿಧಾನಕ್ಕೆ 1868ರಲ್ಲಿ ಸೇರಿದ 14ನೇ ತಿದ್ದುಪಡಿ ಪ್ರಕಾರ ಆ ನೆಲದಲ್ಲಿ ಹುಟ್ಟಿದವರು ಅಲ್ಲಿನ ಪ್ರಜೆಗಳು, 1898ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಚೀನೀ ತಂದೆ ತಾಯಿಗೆ ಹುಟ್ಟಿದ ಒಬ್ಬರ ಕೇಸಲ್ಲಿ ಇದನ್ನೇ ಎತ್ತಿ ಹಿಡೀತು. ಆದ್ರೆ 2025ರ ಜನವರಿ 20ರಂದು ಟ್ರಂಪ್ ಒಂದು ಆದೇಶ ಹೊರಡಿಸಿ, ತಂದೆ ಅಲ್ಲಿನ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರ ಅಲ್ಲದೆ ತಾಯಿ ವಿಸಿಟರ್ ಥರ ತಾತ್ಕಾಲಿಕವಾಗಿ ಬಂದಿದ್ರೆ ಮಗೂಗೆ ಪೌರತ್ವ ಬೇಡ ಅಂದ್ರು, ಕೆಳಗಿನ ಕೋರ್ಟ್‌ಗಳು ಅದಕ್ಕೆ ತಡೆ ಕೊಟ್ವು, ವ್ಯಾಜ್ಯ ಸುಪ್ರೀಂ ಕೋರ್ಟ್‌ ಮೆಟ್ಟಿಲು ಹತ್ತಿತು. ಹಾಗಾಗಿ ಐದು ವರ್ಷದ ಹಿಂದೆ ಹೆತ್ತುಕೊಂಡು ಬಂದ ಪರಿಚಯದವರ ಮಾತು ಇವತ್ತಿಗೆ ಆಧಾರ ಆಗಲ್ಲ, ನೀವು ಹೋಗೋ ಹೊತ್ತಿಗೆ ಸ್ಥಿತಿ ಏನಿದೆ ಅನ್ನೋದನ್ನ ಅಮೆರಿಕ ಸರ್ಕಾರದ ವೆಬ್‌ಸೈಟ್‌ನಲ್ಲೇ ನೋಡಿ.

ಇನ್ನೊಂದು ತಪ್ಪು ಕಲ್ಪನೆ, ಮಗು ಅಲ್ಲಿನ ಪ್ರಜೆ ಆದ್ರೆ ಅಪ್ಪ ಅಮ್ಮಂಗೆ ಗ್ರೀನ್ ಕಾರ್ಡ್ ಬಂದ್ಬಿಡುತ್ತೆ ಅನ್ನೋದು. ಬರಲ್ಲ. ಮಗೂಗೆ 21 ವರ್ಷ ತುಂಬಿದ ಮೇಲೆ ಮಾತ್ರ ಅದು ತಂದೆ ತಾಯಿಗೆ ಅರ್ಜಿ ಹಾಕಬಹುದು. ಅಮೆರಿಕದ ಪ್ರಜೆ ಅಂದ್ಮೇಲೆ ದುಡಿಯೋ ವಯಸ್ಸಿಗೆ ಬಂದಾಗ ಚಿಂತಾಮಣಿಯಲ್ಲೇ ಅಂಗಡಿ ಇಟ್ಕೊಂಡಿದ್ರೂ ಅಲ್ಲಿನ ಸರ್ಕಾರಕ್ಕೆ ತನ್ನ ಆದಾಯದ ಲೆಕ್ಕ ಕೊಡೋ ಹೊಣೆನೂ ಬರುತ್ತೆ.

ಹೆಜ್ಜೆ 2: ವೀಸಾ ಆಫೀಸರ್ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿ

ಬಸುರಿ ಆಗಿ ಪ್ರಯಾಣ ಮಾಡೋದು ಎಲ್ಲೂ ಅಪರಾಧ ಅಲ್ಲ. ಆದ್ರೆ ಅಮೆರಿಕ 2020ರ ಜನವರಿಯಲ್ಲಿ ತಂದ ನಿಯಮದ ಪ್ರಕಾರ, ಮಗೂಗೆ ಪೌರತ್ವ ಕೊಡಿಸೋದೇ ಮುಖ್ಯ ಉದ್ದೇಶ ಅಂತ ಅನ್ನಿಸಿದ್ರೆ ವಿಸಿಟರ್ ವೀಸಾ ಕೊಡಲ್ಲ. ಅಲ್ಲಿನ ಡಾಕ್ಟರ್‌ಗೆ ತೋರಿಸೋದಕ್ಕೇ ಹೋಗ್ತಿದ್ದೀವಿ ಅಂದ್ರೆ, ಯಾವ ಡಾಕ್ಟರ್ ಒಪ್ಪಿದ್ದಾರೆ, ಖರ್ಚಿಗೆ ದುಡ್ಡು ಎಲ್ಲಿದೆ ಅಂತ ದಾಖಲೆ ತೋರಿಸ್ಬೇಕು. ವೀಸಾ ಇದ್ರೂ ಇಳಿದ ಏರ್‌ಪೋರ್ಟ್‌ನಲ್ಲಿ ಒಳಗೆ ಬಿಡೋದು ಬಿಡದೇ ಇರೋದು ಅಲ್ಲಿನ ಆಫೀಸರ್ ಕೈಲಿರುತ್ತೆ. ಸಡಿಲ ಚೂಡಿದಾರ ಹಾಕ್ಕೊಂಡು ಹೋಗಿ, ಏನೂ ಹೇಳ್ಬೇಡ ಅಂತ ಸಲಹೆ ಕೊಡೋ ಏಜೆಂಟ್‌ಗಳಿದ್ದಾರೆ, ದಯವಿಟ್ಟು ಅಂಥವರ ಮಾತು ಕೇಳ್ಬೇಡಿ, ಸುಳ್ಳು ಹೇಳಿ ವೀಸಾ ಪಡೆದದ್ದು ಗೊತ್ತಾದ್ರೆ ಮುಂದೆ ಆ ದೇಶದ ಬಾಗಿಲು ಜೀವನ ಪೂರ್ತಿ ಮುಚ್ಚಿಹೋಗಬಹುದು.

ಹೆಜ್ಜೆ 3: ಬಿಲ್ ಎಷ್ಟಾಗುತ್ತೆ ಅಂತ ಬರವಣಿಗೆಯಲ್ಲಿ ತಗೊಳ್ಳಿ

ನಿಜವಾದ ಕಷ್ಟ ಇರೋದೇ ಇಲ್ಲಿ. ನಮ್ಮ ಕಡೆ ನರ್ಸಿಂಗ್ ಹೋಮ್‌ನಲ್ಲಿ ನಾರ್ಮಲ್‌ಗೆ ಇಷ್ಟು, ಸಿಸೇರಿಯನ್‌ಗೆ ಇಷ್ಟು ಅಂತ ಪ್ಯಾಕೇಜ್ ಹೇಳ್ತಾರೆ, ಡಿಸ್ಚಾರ್ಜ್ ದಿನ ಕೌಂಟರ್‌ನಲ್ಲಿ ಕಟ್ಟಿದ್ರೆ ಮುಗೀತು. ಅಮೆರಿಕದಲ್ಲಿ ಹಾಗಲ್ಲ. ಆಸ್ಪತ್ರೆ ಕೊಠಡಿ ಮತ್ತು ನರ್ಸಿಂಗ್‌ದು ಒಂದು ಬಿಲ್, ಹೆರಿಗೆ ಮಾಡಿಸಿದ ಡಾಕ್ಟರ್‌ದು ಇನ್ನೊಂದು, ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಅರಿವಳಿಕೆ ಡಾಕ್ಟರ್‌ದು ಮತ್ತೊಂದು, ಲ್ಯಾಬ್‌ದು ಬೇರೆ, ಹೀಗೆ ಊರಿಗೆ ಬಂದ ಮೇಲೂ ಒಂದೊಂದಾಗಿ ಬರ್ತಾನೇ ಇರುತ್ತೆ. ತುಂಬಾ ಜನಕ್ಕೆ ಹೊಳೆಯದೇ ಇರೋ ವಿಷಯ ಅಂದ್ರೆ ಮಗು ಹೊರಗೆ ಬಂದ ಕ್ಷಣದಿಂದ ಅದು ಬೇರೆ ಪೇಷೆಂಟ್, ಅದಕ್ಕೆ ಬೇರೆ ಫೈಲು, ಬೇರೆ ಬಿಲ್. ಅವಧಿಗೆ ಮುಂಚೆ ಹುಟ್ಟಿ, ಎಳೆ ಮಕ್ಕಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಇಟ್ರೆ ದಿನಕ್ಕೆ ಸಾವಿರಾರು ಡಾಲರ್ ಆಗುತ್ತೆ.

ಅಂದಾಜಿಗೆ ಹೇಳ್ಬೇಕು ಅಂದ್ರೆ, ಕಂಪನಿ ಇನ್ಶೂರೆನ್ಸ್ ಇರೋ ಅಮೆರಿಕನ್ನರ ಲೆಕ್ಕದಲ್ಲೇ ಬಸುರಿನಿಂದ ಬಾಣಂತನದ ತನಕ ನಾರ್ಮಲ್ ಹೆರಿಗೆಗೆ ಸರಾಸರಿ ಸುಮಾರು 15,000 ಡಾಲರ್, ಸಿಸೇರಿಯನ್‌ಗೆ ಸುಮಾರು 26,000 ಡಾಲರ್ ಆಗಿರೋದು ದಾಖಲಾಗಿದೆ, ಸಿಸೇರಿಯನ್ ಅಂದ್ರೆ ನಮ್ಮ ದುಡ್ಡಲ್ಲಿ 20 ಲಕ್ಷ ದಾಟುತ್ತೆ. ಅದು ಇನ್ಶೂರೆನ್ಸ್ ಕಂಪನಿಗಳು ಚೌಕಾಸಿ ಮಾಡಿ ಇಳಿಸಿದ ರೇಟು.

ಹಾಗಾದ್ರೆ ಏನ್ ಮಾಡ್ಬೇಕು? ಕೈಯಿಂದ ಕಟ್ಟೋರಿಗೆ ಅಂದಾಜು ಬಿಲ್ ಬರವಣಿಗೆಯಲ್ಲಿ ಕೊಡಲೇಬೇಕು ಅಂತ 2022ರ ಜನವರಿ 1ರಿಂದ ಅಲ್ಲಿ ಕಾನೂನಿದೆ, ಕೇಳಿದ ಮೂರು ಕೆಲಸದ ದಿನದೊಳಗೆ ಕೊಡ್ಬೇಕು, ಆಮೇಲೆ ಬಂದ ಬಿಲ್ ಆ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕಿಂತ ಹೆಚ್ಚಾದ್ರೆ ತಕರಾರು ಸಲ್ಲಿಸೋಕೆ ಅವಕಾಶ ಇದೆ. ಆಸ್ಪತ್ರೆಯ ಬಿಲ್ಲಿಂಗ್ ಆಫೀಸ್‌ಗೆ ಮೇಲ್ ಹಾಕಿ, ಮುಂಗಡ ಕಟ್ಟಿದ್ರೆ ಎಷ್ಟು ರಿಯಾಯಿತಿ, ಅರಿವಳಿಕೆ ಇದರಲ್ಲಿ ಸೇರಿದ್ಯಾ, ಮಗುವಿನ ಡಾಕ್ಟರ್ ಫೀಸ್ ಸೇರಿದ್ಯಾ, ನಾರ್ಮಲ್ ಅಂದ್ಕೊಂಡು ಕೊನೆಗೆ ಸಿಸೇರಿಯನ್ ಆದ್ರೆ ಎಷ್ಟು ಅಂತ ಒಂದೊಂದೇ ಕೇಳಿ. ಲಾಭಕ್ಕೋಸ್ಕರ ನಡೆಸದ ಆಸ್ಪತ್ರೆಗಳಲ್ಲಿ ಬಡವರಿಗೆ ನೆರವು ಕೊಡೋ ನೀತಿ ಇರಲೇಬೇಕು ಅಂತಲೂ ಇದೆ, ಆದ್ರೆ ವಿಸಿಟರ್‌ಗೆ ಅನ್ವಯ ಆಗುತ್ತಾ ಅನ್ನೋದು ಆಯಾ ಆಸ್ಪತ್ರೆಗೆ ಬಿಟ್ಟದ್ದು.

ನೋವು ಬಂದು ಎಮರ್ಜೆನ್ಸಿಗೆ ಹೋದ್ರೆ ದುಡ್ಡಿಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ, 1986ರ ಕಾನೂನು ಅದು, ಹೆದರ್ಕೊಂಡು ಮನೇಲೇ ಕೂರ್ಬೇಡಿ. ಆದ್ರೆ ಅದು ಫ್ರೀ ಅಲ್ಲ, ಬಿಲ್ ಬಂದೇ ಬರುತ್ತೆ. ಕಟ್ಟಿದ ಒಂದೊಂದು ರಸೀದಿಯನ್ನೂ ಜೋಪಾನ ಮಾಡಿ, ಮುಂದೆ ವೀಸಾಗೆ ಹೋದಾಗ ಹೆರಿಗೆ ಖರ್ಚು ಯಾರು ಕೊಟ್ರು ಅಂತ ಕೇಳಿದ್ರೆ ತೋರಿಸೋಕೆ ಬೇಕು.

ಬ್ರಿಟನ್‌ನಲ್ಲಿ ಎಲ್ಲಾ ಉಚಿತ ಅಂತ ನಂಬಿರೋರು ಬಹಳ. ವಿಸಿಟರ್ ಆಗಿ ಹೋದವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ಮಾಮೂಲಿ ದರದ 150 ಪರ್ಸೆಂಟ್ ಹಾಕ್ತವೆ. ಹೆರಿಗೆ ತುರ್ತು ಚಿಕಿತ್ಸೆ ಅಂತ ಲೆಕ್ಕ, ಹಾಗಾಗಿ ದುಡ್ಡಿಗೋಸ್ಕರ ತಡ ಮಾಡೋ ಹಾಗಿಲ್ಲ, ಆಮೇಲೆ ಬಿಲ್ ಕೊಡ್ತಾರೆ, 500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಎರಡು ತಿಂಗಳಾದ್ರೂ ತೀರದೇ ಉಳಿದ್ರೆ ಮುಂದಿನ ವೀಸಾಗೆ ಕಲ್ಲು ಬೀಳಬಹುದು. ಕೆನಡಾದ ಪ್ರಾಂತ್ಯಗಳ ಆರೋಗ್ಯ ವಿಮೆನೂ ವಿಸಿಟರ್‌ಗಳಿಗೆ ಇಲ್ಲ.

ಹೆಜ್ಜೆ 4: ಇನ್ಶೂರೆನ್ಸ್ ಪಾಲಿಸಿಯ ಸಣ್ಣ ಅಕ್ಷರ ಓದಿ

ಟಿಕೆಟ್ ಜೊತೆ ಮಾರೋ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬಸುರು, ಹೆರಿಗೆ ಸಾಮಾನ್ಯವಾಗಿ ಸೇರಿರಲ್ಲ. ಕೆಲವು ಪಾಲಿಸಿಗಳು ಇಂತಿಷ್ಟು ವಾರದ ತನಕ ತೊಡಕಾದ್ರೆ ಮಾತ್ರ ಕೊಡ್ತೀವಿ ಅಂತಾವೆ, ಅದರಲ್ಲೂ ಹುಟ್ಟಿದ ಮಗು ಸೇರಿರೋದು ಅಪರೂಪ. 'ಏನ್ ತೊಂದ್ರೆ ಇಲ್ಲ ಮೇಡಂ, ಎಲ್ಲಾ ಕವರ್ ಆಗುತ್ತೆ' ಅಂತ ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ, ಯಾವುದಕ್ಕೆ ಕೊಡಲ್ಲ ಅನ್ನೋ ಪುಟ ತೆಗೆಸಿ ಓದಿ.

ಹೆಜ್ಜೆ 5: ವಾರ ಎಣಿಸಿ, ಫೈಲು ಕಟ್ಟಿ

ಸಾಮಾನ್ಯವಾಗಿ 28 ವಾರ ಆದ್ಮೇಲೆ ಏರ್‌ಲೈನ್‌ನವರು ಡಾಕ್ಟರ್ ಸರ್ಟಿಫಿಕೇಟ್ ಕೇಳ್ತಾರೆ, 36 ವಾರದ ಹತ್ತಿರ ಹತ್ತಿಸ್ಕೊಳ್ಳಲ್ಲ, ಅವಳಿ ಆದ್ರೆ ಇನ್ನೂ ಮುಂಚೆ. ಹೋಗೋದಷ್ಟೇ ಅಲ್ಲ, ವಾಪಸ್ ಬರೋ ದಿನಕ್ಕೆ ಎಷ್ಟು ವಾರ ಆಗಿರುತ್ತೆ ಅಂತಲೂ ಲೆಕ್ಕ ಹಾಕಿ. ವೀಸಾ ಅವಧಿಯಲ್ಲಿ ಹೆರಿಗೆ ಆದ ಮೇಲೆ ಮಗುವಿನ ಪಾಸ್‌ಪೋರ್ಟ್ ಆಗೋ ತನಕ ಟೈಮ್ ಉಳಿದಿರ್ಬೇಕು.

ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟ್, ಬಿಪಿ ಶುಗರ್ ಚಾರ್ಟ್, ರಕ್ತದ ಗುಂಪಿನ ರಿಪೋರ್ಟ್ ಎಲ್ಲದರ ಜೆರಾಕ್ಸ್ ಒಂದು ಫೈಲಲ್ಲಿಡಿ, ನೆಗೆಟಿವ್ ಗ್ರೂಪ್ ಆದ್ರೆ ಆಂಟಿ-ಡಿ ಇಂಜೆಕ್ಷನ್ ಯಾವಾಗ ಹಾಕಿಸಿದ್ರಿ ಅನ್ನೋದೂ ಇರಲಿ. ತಾಯಿ ಕಾರ್ಡಲ್ಲಿ ಬರೆದಿರೋದು ಕನ್ನಡದಲ್ಲಿದ್ರೆ ನಿಮ್ಮ ಡಾಕ್ಟರ್ ಹತ್ರ ಇಂಗ್ಲಿಷ್‌ನಲ್ಲಿ ಒಂದು ಪುಟದ ಸಾರಾಂಶ ಬರೆಸ್ಕೊಳ್ಳಿ. ಅದಕ್ಕಿಂತ ಮುಖ್ಯ, ಮದುವೆ ಸರ್ಟಿಫಿಕೇಟ್. ನಮ್ಮಲ್ಲಿ ಛತ್ರದಲ್ಲಿ ಮದುವೆ ಆಗಿ ಲಗ್ನಪತ್ರಿಕೆ, ಆಲ್ಬಂ ಬಿಟ್ರೆ ಬೇರೆ ದಾಖಲೆನೇ ಇಲ್ಲದ ಜೋಡಿಗಳು ಬೇಕಾದಷ್ಟಿದ್ದಾರೆ, ಗಲ್ಫ್‌ನಲ್ಲಿ ಜನನ ಪತ್ರ ಮಾಡಿಸುವಾಗ ಮದುವೆ ದಾಖಲೆ ಕೇಳ್ತಾರೆ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸಿ, ಹೋಗೋ ದೇಶಕ್ಕೆ ತಕ್ಕ ಹಾಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ದಾಖಲೆ ಅಸಲಿ ಅಂತ ಬೇರೆ ದೇಶದವರು ಒಪ್ಪೋ ಮುದ್ರೆ) ಅಥವಾ ದೃಢೀಕರಣ ಮಾಡಿಸಿ. ಗಂಡ ಹೆಂಡ್ತಿ ಹೆಸರು ಪಾಸ್‌ಪೋರ್ಟಲ್ಲೂ ಅದರಲ್ಲೂ ಒಂದೇ ಥರ ಇದ್ಯಾ ನೋಡಿ, ಇನಿಷಿಯಲ್ ಒಂದರಲ್ಲಿ ಮುಂದೆ ಇನ್ನೊಂದರಲ್ಲಿ ಹಿಂದೆ ಇದ್ರೂ ಅಲೆದಾಡಿಸ್ತಾರೆ.

ಹೆಜ್ಜೆ 6: ಮಗು ಹುಟ್ಟಿದ ಮೇಲೆ ಒಂದು ವರ್ಷದ ಗಡುವು ಮರೀಬೇಡಿ

ಅಲ್ಲಿನ ಜನನ ಪ್ರಮಾಣಪತ್ರ ಕೈಗೆ ಬಂದ ತಕ್ಷಣ ಭಾರತೀಯ ರಾಯಭಾರ ಕಚೇರಿ ಕೆಲಸ ಶುರು ಮಾಡಿ. 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ತಂದೆ ಅಥವಾ ತಾಯಿ ಭಾರತದ ಪ್ರಜೆ ಆಗಿದ್ರೆ ವಿದೇಶದಲ್ಲಿ ಹುಟ್ಟಿದ ಮಗು ವಂಶದ ಹಕ್ಕಿನಿಂದ ಭಾರತೀಯ ಆಗುತ್ತೆ, ಆದ್ರೆ 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದವರಿಗೆ ಒಂದು ಷರತ್ತಿದೆ: ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಇಲ್ಲಾ ಅದರ ಶಾಖೆಯಾದ ಕಾನ್ಸುಲೇಟ್‌ನಲ್ಲಿ ಜನನ ನೋಂದಣಿ ಆಗ್ಬೇಕು, ಮಗೂಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ತಂದೆ ತಾಯಿ ಬರೆದುಕೊಡ್ಬೇಕು. ವರ್ಷ ದಾಟಿದ್ರೆ ಕೇಂದ್ರ ಸರ್ಕಾರದ ಅನುಮತಿಗೆ ಕಾಯ್ಬೇಕು. ದುಬೈ, ಮಸ್ಕತ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಇದೇ ದಾರಿ, ನೋಂದಣಿ ಆದ್ಮೇಲೆ ಭಾರತದ ಪಾಸ್‌ಪೋರ್ಟ್.

ಅಮೆರಿಕದ ಪೌರತ್ವ ಸಿಕ್ಕ ಮಗು ಅಲ್ಲಿಂದ ಹೊರಡೋಕೆ, ಮತ್ತೆ ಒಳಗೆ ಬರೋಕೆ ಅಲ್ಲಿನ ಪಾಸ್‌ಪೋರ್ಟನ್ನೇ ಬಳಸ್ಬೇಕು ಅಂತ ಅಲ್ಲಿ ಕಾನೂನಿದೆ. ಭಾರತ ಎರಡು ಪೌರತ್ವ ಒಪ್ಪಲ್ಲ. ಹಾಗಾಗಿ ಅಂಥ ಮಗು ನಮ್ಮ ಲೆಕ್ಕದಲ್ಲಿ ವಿದೇಶಿ, ಅಜ್ಜಿ ಮನೆಗೆ ಬರೋಕೂ ವೀಸಾ ಬೇಕು, ಇಲ್ಲಾ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡೋ ಕಾರ್ಡ್) ಬೇಕು. ಒಸಿಐ ಇದ್ರೆ ಬಂದು ಇರಬಹುದು, ಓದಬಹುದು, ಆದ್ರೆ ವೋಟಿಲ್ಲ, ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. ಶಿಡ್ಲಘಟ್ಟದಲ್ಲಿ ತಾತ ಬಿಟ್ಟುಹೋದ ಹಿಪ್ಪುನೇರಳೆ ತೋಟ ಪಾಲಿಗೆ ಬಂದ್ರೆ ಇಟ್ಕೋಬಹುದು, ಪಕ್ಕದ ಒಂದು ಎಕರೆ ಕೊಳ್ಳೋಕಾಗಲ್ಲ. 2021ರ ಮಾರ್ಚ್‌ನ ಆದೇಶದಂತೆ ನೀಟ್, ಜೆಇಇ ಬರೆದ್ರೆ ಎನ್‌ಆರ್‌ಐ ಸೀಟಿಗೆ ಮಾತ್ರ ಅರ್ಹತೆ, ಭಾರತೀಯರಿಗೇ ಮೀಸಲಾದ ಸೀಟು ಸಿಗಲ್ಲ. ಮಗೂನ ಡಾಕ್ಟರ್ ಮಾಡ್ಬೇಕು ಅಂತ ಆಸೆ ಇಟ್ಕೊಂಡಿರೋ ಮನೆಗಳು ಇದನ್ನ ಹೆರಿಗೆಗೆ ಮುಂಚೆನೇ ಯೋಚಿಸ್ಬೇಕು.

ಹೆಜ್ಜೆ 7: ಊರಿಗೆ ಬಂದ ಮೇಲೆ

ಸ್ಕೂಲಿಗೆ ಬೇಕು ಅಂತ ಇಲ್ಲೇ ಹುಟ್ಟಿದ ಹಾಗೆ ನಗರಸಭೆಯಲ್ಲಿ ಜನನ ಪತ್ರ ಮಾಡಿಸ್ಕೊಡ್ತೀನಿ ಅನ್ನೋರು ಸಿಕ್ತಾರೆ, ಅದು ಸುಳ್ಳು ದಾಖಲೆ, ಪಾಸ್‌ಪೋರ್ಟ್ ಮಾಡಿಸುವಾಗ ಸಿಕ್ಕಿಬಿದ್ರೆ ಕೇಸ್ ಆಗುತ್ತೆ. ಸರಿಯಾದ ದಾರಿನೇ ಇದೆ: ಕಾನ್ಸುಲೇಟ್‌ನಲ್ಲಿ ನೋಂದಣಿ ಆಗಿಲ್ಲದ ಮಗೂನ ಕರ್ಕೊಂಡು ಇಲ್ಲೇ ನೆಲೆಸೋಕೆ ಬಂದ್ರೆ, ಮಗು ಭಾರತಕ್ಕೆ ಬಂದ 60 ದಿನದೊಳಗೆ ಇಲ್ಲಿನ ಜನನ ಮರಣ ನೋಂದಣಾಧಿಕಾರಿ ಹತ್ರ ನೋಂದಾಯಿಸೋಕೆ ಜನನ ಮರಣ ನೋಂದಣಿ ಕಾಯ್ದೆಯ 20ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಆ ನೋಂದಣಿಯಿಂದ ಪೌರತ್ವ ಬರಲ್ಲ, ಅದಕ್ಕೆ ಮೇಲೆ ಹೇಳಿದ 4ನೇ ಸೆಕ್ಷನ್ ದಾರಿನೇ. ವಿದೇಶದ ಮೂಲ ಜನನ ಪತ್ರ, ತಂದೆ ತಾಯಿ ಪಾಸ್‌ಪೋರ್ಟು, ಮಗು ಬಂದ ದಿನದ ಇಮಿಗ್ರೇಷನ್ ಮುದ್ರೆ ಇರೋ ಪುಟ, ಇವಿಷ್ಟರ ಜೆರಾಕ್ಸ್ ಜೊತೆಗೆ ಒರಿಜಿನಲ್ಲೂ ತಗೊಂಡು ಹೋಗಿ.