ತಪ್ಪು ಹಿಡಿಯುವ ಆಟದಿಂದ ಕೋಡಿಂಗ್‌ವರೆಗೆ

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎಂಟನೇ ತರಗತಿಯ ಕಂಪ್ಯೂಟರ್ ಪೀರಿಯಡ್ಡೂ ನನ್ನ ತಲೆಗೇ ಬಿದ್ದಿದೆ. ಲ್ಯಾಬಿನ ಮಷೀನುಗಳಲ್ಲಿ ಅರ್ಧದಷ್ಟು ಮಾತ್ರ ಆನ್ ಆಗುತ್ತವೆ. ಕರೆಂಟು ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಹಾಗಂತ ಮಾನಿಟರ್, ಮೌಸ್ ಚಿತ್ರ ಬರೆಸಿ ‘ಭಾಗಗಳನ್ನು ಗುರುತಿಸಿ’ ಅಂದರೆ ಮಕ್ಕಳು ಆಕಳಿಸುತ್ತಾರೆ. ಈ ವಯಸ್ಸಿನವರಿಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇನ್ನೊಬ್ಬರ ತಪ್ಪು ಹಿಡಿಯೋದು. ಕಂಪ್ಯೂಟರೂ ದಿನವಿಡೀ ಮಾಡೋದು ಅದನ್ನೇ ಅಲ್ವಾ? ಅಲ್ಲಿಂದಲೇ ಶುರು ಮಾಡಿದೆ.

ಮೊದಲು ಹೆಸರು ಬರೆಯುವ ಆಟ. ಕಂಪ್ಯೂಟರ್ ಅಕ್ಷರಗಳನ್ನು ನಂಬರಾಗಿ ಇಟ್ಟುಕೊಳ್ಳುವ ಪದ್ಧತಿಗೆ ಯುನಿಕೋಡ್ ಅಂತಾರೆ. ಅದರಲ್ಲಿ ಪ್ರತಿ ಕನ್ನಡ ಮೂಲಾಕ್ಷರಕ್ಕೂ ಚಿಹ್ನೆಗೂ ಒಂದು ನಂಬರ್ ಇದೆ. ಅ ಅಂದರೆ 3205, ಕ ಅಂದರೆ 3221. ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ‘ಅಕ್ಕ’ ಅಂತ ನಂಬರಿನಲ್ಲಿ ಬರೆಯಿರಿ ಅಂದೆ. ಎರಡೇ ಅಕ್ಷರ, ಎರಡೇ ನಂಬರ್ ಅಂದುಕೊಂಡರು. ಬೇಕಾದದ್ದು ನಾಲ್ಕು: 3205, 3221, 3277, 3221. ಆ 3277 ಇದೆಯಲ್ಲ, ಅದು ಒತ್ತಕ್ಷರ ಮಾಡಿಸುವ ಚಿಹ್ನೆ. ಆಮೇಲೆ ಬೆಂಚಿನ ಸಾಲಿನಲ್ಲಿ ಕಿವಿಯಿಂದ ಕಿವಿಗೆ ಈ ನಂಬರ್‌ಗಳನ್ನು ಪಿಸುಗುಟ್ಟಿ ಕಳಿಸಬೇಕು. ದಾರಿಯಲ್ಲಿ 3277 ಕಳೆದುಹೋಯಿತು, ಕೊನೇ ಬೆಂಚಿನಲ್ಲಿ ‘ಅಕಕ’ ಹುಟ್ಟಿತು. ಇನ್ನೊಂದು ಸಾಲಿನಲ್ಲಿ ಕೊನೆಯ 3221 ಹೋಗಿ 3231 ಆಗಿ ‘ಅಕ್ಟ’ ಬಂತು. ಯಾರು ಕೆಡಿಸಿದ್ದು ಅಂತ ಜಗಳ ಶುರು. ನನಗೆ ಬೇಕಾಗಿದ್ದೂ ಅದೇ. ಕಳಿಸಿದವರನ್ನು ಮತ್ತೆ ಕೇಳದೆ ತಪ್ಪಾಗಿದೆ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ?

ಇದಕ್ಕೆ ಕಾರ್ಡಿನ ಮ್ಯಾಜಿಕ್ ಇದೆ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಜೊತೆಗಾರರು ಮಷೀನು ಮುಟ್ಟದೆ ಕಲಿಸುವ ಇಂಥ ಆಟಗಳನ್ನು ಜಗತ್ತಿಗೆಲ್ಲ ಹಂಚಿದ್ದಾರೆ. ನಾನು ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ 36 ಚೌಕ ಮಾಡಿಕೊಂಡೆ. ಒಂದು ಬದಿ ಬಣ್ಣ, ಇನ್ನೊಂದು ಬದಿ ಖಾಲಿ. ಖರ್ಚಿಲ್ಲ. ಒಬ್ಬಳು ಹುಡುಗಿ ಬಂದು 25 ಚೌಕಗಳನ್ನು ಐದು ಅಡ್ಡಸಾಲು, ಐದು ಕಂಬಸಾಲಾಗಿ ತನಗಿಷ್ಟ ಬಂದಂತೆ ಜೋಡಿಸಿದಳು. ‘ಇಷ್ಟು ಸುಲಭ ಬೇಡ, ಸ್ವಲ್ಪ ಕಷ್ಟ ಮಾಡೋಣ’ ಅಂತ ಇನ್ನೊಂದು ಅಡ್ಡಸಾಲು, ಇನ್ನೊಂದು ಕಂಬಸಾಲು ನಾನೇ ಸೇರಿಸಿದೆ. ಗುಟ್ಟಿರೋದು ಇಲ್ಲೇ. ಪ್ರತಿ ಸಾಲಿನಲ್ಲೂ ಬಣ್ಣದ ಕಾರ್ಡು ಸಮಸಂಖ್ಯೆ ಆಗುವ ಹಾಗೆ ಇಡಬೇಕು. ನಾನು ಬೋರ್ಡಿನ ಕಡೆ ತಿರುಗಿ ನಿಂತೆ. ಯಾರೋ ಒಂದು ಕಾರ್ಡು ಮಗುಚಿದರು. ತಿರುಗಿ ನೋಡಿ, ಬೆಸ ಆಗಿರುವ ಅಡ್ಡಸಾಲು ಮತ್ತು ಕಂಬಸಾಲು ಕೂಡುವ ಜಾಗದಲ್ಲಿ ಬೆರಳಿಟ್ಟೆ.

‘ಸಾರ್, ಕಿಟಕಿ ಗಾಜಲ್ಲಿ ಕಾಣ್ಸುತ್ತೆ!’ ಕಿಟಕಿ ಮುಚ್ಚಿದರು. ಮತ್ತೆ ಹಿಡಿದೆ. ಗುಟ್ಟನ್ನು ಬೇಗ ಬಿಟ್ಟುಕೊಡಬಾರದು. ಅವರೇ ಎಣಿಸುವವರೆಗೆ ಕಾಯಬೇಕು. ಎಣಿಸಿದ ಮೇಲೆ ಒಬ್ಬ ಕೇಳಿದ, ‘ಮೂಲೆ ಕಾರ್ಡು ಅಡ್ಡಕ್ಕೂ ಕಂಬಕ್ಕೂ ಒಟ್ಟಿಗೆ ಹೇಗೆ ಸರಿಯಾಗುತ್ತೆ ಸಾರ್?’ ಒಳ್ಳೇ ಪ್ರಶ್ನೆ. 25ರಲ್ಲಿ ಬಣ್ಣದ ಕಾರ್ಡು ಎಷ್ಟು ಅಂತ ಅಡ್ಡ ಎಣಿಸಿದರೂ ಉದ್ದ ಎಣಿಸಿದರೂ ಲೆಕ್ಕ ಒಂದೇ ತಾನೇ? ಹಾಗಾಗಿ ಮೂಲೆಯಲ್ಲಿ ಎರಡೂ ಕಡೆಯಿಂದ ಒಂದೇ ಬದಿ ಬೇಕಾಗುತ್ತೆ. ಇನ್ನು ಒಂದೇ ಅಡ್ಡಸಾಲಿನಲ್ಲಿ ಎರಡು ಕಾರ್ಡು ಮಗುಚಿದರೆ ಅಡ್ಡಸಾಲು ಸಮವೇ ಉಳಿಯುತ್ತೆ. ಎರಡು ಕಂಬಸಾಲು ಮಾತ್ರ ಬೆಸ ಆಗುತ್ತವೆ. ಕೆಟ್ಟಿದೆ ಅಂತ ಗೊತ್ತು, ಯಾವ ಅಡ್ಡಸಾಲಲ್ಲಿ ಅಂತ ಗೊತ್ತಿಲ್ಲ. ತಪ್ಪು ಎಲ್ಲಿದೆ ಅಂತ ಮಷೀನೇ ಹುಡುಕಿ ಸರಿಮಾಡುವ ದಾರಿಯನ್ನು ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾ ಸಂಸ್ಥೆಯ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ್ದರು. ಇದನ್ನು ಆಟ ಮುಗಿದ ಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಅದೂ ಒಂದು ನೋಟ್ಸ್ ಆಗಿಬಿಡುತ್ತಿತ್ತು.

ಮುಂದಿನ ವಾರ ಎಲ್ಲರೂ ಖಾಲಿ ಬಿಸ್ಕತ್ ಪ್ಯಾಕೆಟ್ ತಂದರು. ಸೋಪಿನ ಕವರ್, ಚಹಾಪುಡಿ ಕವರೂ ಬಂದವು. ಬಾರ್‌ಕೋಡಿನ ಕೆಳಗೆ 13 ಅಂಕಿ. ಹೆಚ್ಚಿನವು 890ರಿಂದ ಶುರು, ಅದು ಭಾರತದಲ್ಲಿ ಕೊಟ್ಟ ನಂಬರ್. 1, 3, 5ನೇ ಹೀಗೆ ಬೆಸ ಸ್ಥಾನದ ಅಂಕಿಗಳನ್ನು ಕೂಡಿ. ಸಮ ಸ್ಥಾನದವನ್ನು ಕೂಡಿ ಮೂರರಿಂದ ಗುಣಿಸಿ. ಎರಡನ್ನೂ ಸೇರಿಸಿದರೆ ಕೊನೆಯಲ್ಲಿ ಸೊನ್ನೆ ಬರಲೇಬೇಕು. 13ನೇ ಅಂಕಿಯನ್ನು ಆರಿಸೋದೇ ಹಾಗೆ ಬರಲಿ ಅಂತ. ಬೋರ್ಡಿನ ಮೇಲೆ 8901234567890 ಬರೆದು ಮಾಡಿಸಿದೆ: 28 ಮತ್ತು 102, ಒಟ್ಟು 130. ಒಂದು ಅಂಕಿ ತಪ್ಪಾದರೂ ಸಿಕ್ಕಿಬೀಳುತ್ತೆ. ಅಕ್ಕಪಕ್ಕದ ಎರಡು ಅದಲುಬದಲಾದರೆ? ಸಾಮಾನ್ಯವಾಗಿ ಸಿಗುತ್ತೆ. ಆದರೆ 1 ಮತ್ತು 6 ಜಾಗ ಬದಲಿಸಿಕೊಂಡರೆ ಇಲ್ಲ. 5ರ ವ್ಯತ್ಯಾಸ ಇರುವ ಯಾವ ಜೋಡಿಯೂ ಸಿಗಲ್ಲ. ಇದನ್ನು ಕಂಡುಹಿಡಿದ ಗುಂಪು ಇಡೀ ದಿನ ಬೀಗಿಕೊಂಡು ಓಡಾಡಿತು. ಆಧಾರ್‌ನ 12ನೇ ಅಂಕಿಯೂ ಇಂಥ ಕಾವಲುಗಾರನೇ, ವೆರ್ಹೂಫ್ ಅನ್ನುವ ವಿಧಾನದ್ದು. ಅದು ಅದಲುಬದಲನ್ನೂ ಬಿಡಲ್ಲ. ಹೇಳಿದ ಕೂಡಲೇ, ‘ನಾಳೆ ಯಾರೂ ಆಧಾರ್ ಕಾರ್ಡು ತರಬೇಡಿ’ ಅಂತಲೂ ಹೇಳಿದೆ. ನಂಬರ್ ಎಲ್ಲರಿಗೂ ತೋರಿಸುತ್ತಾ ಕೂರಬಾರದು ಅನ್ನೋದೂ ಕಂಪ್ಯೂಟರ್ ಪಾಠವೇ.

ಆಮೇಲಷ್ಟೇ ಲ್ಯಾಬಿಗೆ ಹೋದದ್ದು. ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್ ಮೊದಲೇ ಹಾಕಿಟ್ಟಿದ್ದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತೆ. ಒಂದು ಮಷೀನಿಗೆ ಮೂವರು: ಒಬ್ಬರು ಮೌಸ್ ಹಿಡಿಯೋದು, ಒಬ್ಬರು ಹೇಳೋದು, ಒಬ್ಬರು ಕಾಗದದಲ್ಲಿ ಲೆಕ್ಕ ಮಾಡಿ ತಾಳೆ ನೋಡೋದು. ಪರದೆಯ ಮೇಲಿನ ಬೆಕ್ಕು ನಡೆಸುವ ಪಾಠ ಬಿಟ್ಟುಬಿಟ್ಟೆ, ನೇರವಾಗಿ ಬಾರ್‌ಕೋಡ್ ಪರೀಕ್ಷಿಸುವ ಪ್ರೋಗ್ರಾಮ್. ಲೆಕ್ಕ ಕೈಯಲ್ಲೇ ಇತ್ತು, ಬ್ಲಾಕುಗಳನ್ನು ಜೋಡಿಸಿದರಾಯಿತು.

ಒಂದು ಗುಂಪಿನ ಪ್ರೋಗ್ರಾಮ್ ಎಲ್ಲಾ ಪ್ಯಾಕೆಟ್ಟಿಗೂ ‘ಸರಿ’ ಅಂತಿತ್ತು. ಬೇಕಂತಲೇ ತಪ್ಪು ನಂಬರ್ ಕೊಟ್ಟರು, ‘ತಪ್ಪು’ ಅಂತು. ಖುಷಿಯೋ ಖುಷಿ. ಆದರೆ ಅಲ್ಲಿಂದ ಮುಂದೆ ಸರಿಯಾದ ಪ್ಯಾಕೆಟ್ಟಿಗೂ ‘ತಪ್ಪು’ ಅಂತಲೇ! ಮಷೀನ್ ಹಾಳಾಯ್ತು ಸಾರ್ ಅಂದರು. ನಾನು ಏನೂ ಹೇಳಲಿಲ್ಲ. ಪರದೆಯ ಮೂಲೆಯಲ್ಲಿ ‘ಮೊತ್ತ’ ಕಾಣುವಂತೆ ಟಿಕ್ ಹಾಕಿಸಿದೆ, ಅಷ್ಟೇ. ಕಾಗದ ಹಿಡಿದಿದ್ದ ಹುಡುಗಿ ನೋಡಿದಳು: ‘ನಂದು 130, ಇದು ಆಗ್ಲೇ ನೂರಾರು ತೋರಿಸ್ತಿದೆ.’ ಹಿಂದಿನ ಮೊತ್ತದ ಮೇಲೇ ಹೊಸದು ಸೇರುತ್ತಿತ್ತು. ಸರಿಯಾದ ಪ್ಯಾಕೆಟ್‌ಗಳ ಮೊತ್ತ ಎಷ್ಟು ಕೂಡಿದರೂ ಕೊನೆಗೆ ಸೊನ್ನೆಯೇ ಬರುತ್ತಿದ್ದರಿಂದ ಅಲ್ಲಿವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಪ್ರೋಗ್ರಾಮ್ ಶುರು ಮಾಡಿಸುವ ಹಸಿರು ಬಾವುಟದ ಕೆಳಗೆ ಮೊತ್ತವನ್ನು ಸೊನ್ನೆ ಮಾಡುವ ಬ್ಲಾಕ್ ಹಾಕಿದರು. ಪಕ್ಕದ ಮಷೀನಿನವರು ಅಷ್ಟರಲ್ಲಿ ತಮ್ಮದಕ್ಕೂ ಬೇಕಂತಲೇ ಒಂದು ತಪ್ಪು ನಂಬರ್ ಕೊಟ್ಟು ನೋಡುತ್ತಿದ್ದರು.