ಬೇಸಿಗೆಯ ಕೌದಿ, ಮಾಳಿಗೆಯ ಹೀರೆಬಳ್ಳಿ

ಹಳೆ ಬಟ್ಟೆಯ ಪದರ ಸೇರಿಸಿ ಮಾಡುವ ಕೌದಿ ಹೊದೆಯುವುದು ಚಳಿಗೆ, ಹೊಲಿಯುವುದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಒಗೆದ ಹಳೆ ಬಟ್ಟೆ ಬೇಗ ಒಣಗುವುದಿಲ್ಲ, ಮುಗ್ಗಲು ವಾಸನೆ ಬೇರೆ. ಹೊಲ ಇದ್ದವರಿಗೆ ಆಗ ಪುರುಸೊತ್ತೂ ಇರುವುದಿಲ್ಲ. ಹೋಳಿ ಮುಗಿದು ಶರಣಬಸವೇಶ್ವರರ ಜಾತ್ರೆ ಆಯಿತೆಂದರೆ ಕಲಬುರಗಿಯ ಬಿಸಿಲು ತನ್ನ ಬಣ್ಣ ತೋರಿಸಲು ಶುರು ಮಾಡುತ್ತದೆ. ಎಷ್ಟು ದಪ್ಪ ಬಟ್ಟೆಯಾದರೂ ಮಧ್ಯಾಹ್ನದೊಳಗೆ ಗರಿಗರಿ ಒಣಗುತ್ತದೆ.

ನನಗೆ ಇನ್ನೊಂದು ಅನುಕೂಲ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ 1.30ಕ್ಕೆ ಮುಗಿಯುತ್ತವೆ. ಮನೆಗೆ ಬಂದು ರೊಟ್ಟಿ ತಿಂದು, ಮಜ್ಜಿಗೆ ಕುಡಿದರೆ ಮುಂದೆ ಸಂಜೆವರೆಗೂ ಹೊರಗೆ ಕಾಲಿಡುವ ಹಾಗಿಲ್ಲ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಆ ಹೊತ್ತು ಪೂರ್ತಿ ಸೂಜಿದಾರಕ್ಕೆ ಸಿಗುತ್ತದೆ.

ಕೌದಿ ಅಂದರೆ ಎಲ್ಲರೂ ಹೊಲಿಗೆಯ ಬಗ್ಗೆ ಕೇಳುತ್ತಾರೆ. ನನ್ನ ಪ್ರಕಾರ ಹೊಲಿಗೆ ಕಷ್ಟದ್ದಲ್ಲ. ಉದ್ದಕ್ಕೆ ಟಾಕಿ, ಅಂದರೆ ಸೂಜಿಯ ಹೊಲಿಗೆ, ಹಾಕಿಕೊಂಡು ಹೋಗುವುದು ಯಾರಿಗಾದರೂ ಬರುತ್ತದೆ. ಕಷ್ಟ ಇರುವುದು ಬಟ್ಟೆ ಹುಡುಕುವುದರಲ್ಲಿ. ಮೊದಲು ಪ್ರತಿ ಮನೆಯಲ್ಲೂ ಹತ್ತಿ ಸೀರೆ, ಧೋತರ ಇರುತ್ತಿದ್ದವು. ಈಗ ಕಪಾಟು ತೆಗೆದರೆ ಮುಕ್ಕಾಲು ಪಾಲು ಪಾಲಿಸ್ಟರ್. ಅದು ಬೆವರು ಹೀರುವುದಿಲ್ಲ. ಪದರಗಳು ಒಂದರ ಮೇಲೊಂದು ಜಾರುತ್ತವೆ, ಒಗೆದಾಗ ಒಂದು ಕಡೆ ಗಂಟು ಕಟ್ಟುತ್ತವೆ. ಹೊಸ ಬಟ್ಟೆಯೂ ನನಗೆ ಸೇರುವುದಿಲ್ಲ. ನೂರು ಸಲ ಒಗೆದ ಸೀರೆಯ ಮೆತ್ತಗಿನ ಹಿಡಿತ ಅಂಗಡಿಯಲ್ಲಿ ಸಿಗುವುದಿಲ್ಲ, ಬಿಡಿ.

ಕಣ್ಣಿಗೆ ಹತ್ತಿಯಂತೆ ಕಾಣುವುದೆಲ್ಲ ಹತ್ತಿಯಲ್ಲ. ನಾವು ಮಾಡುವ ಪರೀಕ್ಷೆ ಇದು. ಬಟ್ಟೆಯ ತುದಿಯಿಂದ ಒಂದೆರಡು ಎಳೆ ಬಿಡಿಸಿಕೊಂಡು ಇಕ್ಕಳದಲ್ಲಿ ಹಿಡಿಯಬೇಕು. ಕಡ್ಡಿ ಗೀರಿ ತುದಿಗೆ ಹಚ್ಚಬೇಕು. ಹತ್ತಿಯಾದರೆ ಸರ್ರನೆ ಉರಿಯುತ್ತದೆ, ಕಾಗದ ಸುಟ್ಟ ವಾಸನೆ ಬರುತ್ತದೆ. ಉಳಿದ ಬೂದಿ ಬೆರಳಲ್ಲಿ ತಿಕ್ಕಿದರೆ ಪುಡಿಯಾಗಿ ಹೋಗುತ್ತದೆ. ಪಾಲಿಸ್ಟರ್ ಆದರೆ ಎಳೆ ಮುದುಡಿಕೊಂಡು ಕರಗಿ, ಆರಿದ ಮೇಲೆ ಸಾಸಿವೆ ಕಾಳಿನಂಥ ಗಟ್ಟಿ ಗುಂಡು ಉಳಿಯುತ್ತದೆ. ಬೂದಿಯೂ ಇದ್ದು ಒಳಗೆ ಗಟ್ಟಿ ಕಣವೂ ಕೈಗೆ ಹತ್ತಿದರೆ ಎರಡೂ ಬೆರೆತದ್ದು ಅಂತ ತಿಳಿಯಬೇಕು. ಇದನ್ನು ಬಚ್ಚಲಲ್ಲೋ ಅಂಗಳದಲ್ಲೋ ಮಾಡಿ. ಬಟ್ಟೆ ರಾಶಿಯ ಪಕ್ಕ ಕುಳಿತು ಮಾತ್ರ ಬೇಡ.

ಹಳೆ ಇಲಕಲ್ ಸೀರೆ ಸಿಕ್ಕರೆ ಖುಷಿ, ಆದರೆ ಸೆರಗು ಕತ್ತರಿಸಿ ಬೇರೆ ಇಡುತ್ತೇನೆ. ಮೈ ಹತ್ತಿ, ಸೆರಗು ರೇಷ್ಮೆ. ಎರಡೂ ಒಂದೇ ಸಮ ಕುಗ್ಗುವುದಿಲ್ಲ. ಸೆರಗಿನ ಕೆಂಪು ಬಣ್ಣ ಬಿಡುತ್ತದೋ ಇಲ್ಲವೋ ನೋಡಲು ಒದ್ದೆ ಮಾಡಿದ ಬಿಳಿ ಚಿಂದಿಯಿಂದ ಜೋರಾಗಿ ಉಜ್ಜುತ್ತೇನೆ. ಚಿಂದಿ ಗುಲಾಬಿ ಆದರೆ ಆ ತುಂಡು ಬಿಳಿ ಧೋತರದ ಹತ್ತಿರ ಬರುವ ಹಾಗಿಲ್ಲ.

ಬಟ್ಟೆಯ ಈ ಬೇಟೆಯೇ ನಮ್ಮನ್ನೆಲ್ಲ ಕೂಡಿಸಿದ್ದು. ಒಬ್ಬರ ಮನೆಯಲ್ಲಿ ಧೋತರ ಇದ್ದರೆ ಇನ್ನೊಬ್ಬರ ಮನೆಯಲ್ಲಿ ಹತ್ತಿ ಸೀರೆ. ಶನಿವಾರ ಮಧ್ಯಾಹ್ನ ಮಾತ್ರ ಬಿಸಿಲು ಲೆಕ್ಕಿಸದೆ ನಮ್ಮ ಪಡಸಾಲೆಯಲ್ಲಿ ಸೇರುತ್ತೇವೆ. ಸಂಘ ಅಂತ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಓಣಿಯ ಹಿರಿಯ ಕಾಕು ಇದ್ದಾರೆ. ಅವರ ಟಾಕಿ ನೋಡಿದರೆ ಅಳತೆಪಟ್ಟಿ ಇಟ್ಟು ಹಾಕಿದ್ದಾರೆ ಅನಿಸಬೇಕು. ಹೊಲಿಗೆ ಅಂಗಡಿ ಇಟ್ಟಿರುವ ಆಪಾ ಕುಪ್ಪಸದ ಉಳಿದ ತುಂಡುಗಳ ಗಂಟು ತರುತ್ತಾರೆ. ಯಾವ ಬಣ್ಣದ ಪಕ್ಕ ಯಾವುದು ಅನ್ನುವುದರಲ್ಲಿ ಅವರ ಮಾತೇ ಕೊನೆ. ನಮ್ಮ ಆಫೀಸಿನ ಗೆಳತಿ ತಾಂಡಾದಲ್ಲಿ ಬೆಳೆದವಳು, ಕನ್ನಡಿ ಕೂರಿಸುವ ಕೈ ಅವಳದು. ಎಂ.ಎಸ್.ಕೆ. ಮಿಲ್ ಕಡೆಯಿಂದ ಬರುವ ವೈನಿಯ ಮಾವನವರು ಆ ಬಟ್ಟೆ ಮಿಲ್ಲಿನಲ್ಲೇ ದುಡಿದವರು. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು, ಏರಿಯಾಕ್ಕೆ ಹೆಸರು ಉಳಿದಿದೆ. ವೈನಿ ತಮ್ಮ ಮನೆ ಟ್ರಂಕಿನಿಂದ ದಪ್ಪನೆಯ ಒರಟು ಹತ್ತಿ ಬಟ್ಟೆ, ಮಾಂಜರಪಾಟ, ತೆಗೆದು ತಂದ ದಿನ ಎಲ್ಲರೂ ಅದನ್ನು ಮುಟ್ಟಿ ಮುಟ್ಟಿ ನೋಡಿದ್ದೇ ನೋಡಿದ್ದು. ಅದು ಈ ವರ್ಷದ ಕೌದಿಯ ತಳವಾಯಿತು.

ಅಳತೆಗೆ ನನ್ನ ಲೆಕ್ಕ ಸರಳ. ಸೀರೆ ಐದೂವರೆ ಮೀಟರ್, ಅಂದರೆ ಸುಮಾರು 18 ಅಡಿ. ಅದನ್ನು ಮೂರು ಮಡಿಕೆ ಮಾಡಿದರೆ 6 ಅಡಿ ಉದ್ದ, ಮೂರು ಪದರ. ಅಗಲ 45 ಇಂಚು ಆಸುಪಾಸು. ಒಬ್ಬರ ಮಂಚಕ್ಕೆ ಸರಿಯಾಯಿತು. ಇದು ಹೊಟ್ಟೆಯ ಭಾಗ. ಕೆಳಗೆ ಮಾಂಜರಪಾಟ, ಮೇಲೆ ತುಂಡು ಜೋಡಿಸಿದ ಹಾಸು. ಇದಕ್ಕಿಂತ ಪದರ ಜಾಸ್ತಿ ಮಾಡಿದರೆ ಸೂಜಿ ಇಳಿಯುವುದಿಲ್ಲ, ಬೆರಳು ನೋಯುತ್ತದೆ, ಒಗೆದಾಗ ಎತ್ತಲು ಇಬ್ಬರು ಬೇಕು.

ಹಾಸಲು ನಮ್ಮ ನೆಲವೇ ಮೇಜು. ಪಡಸಾಲೆಗೆ ಹಾಕಿರುವುದು 2 ಅಡಿ ಚೌಕದ ಶಹಾಬಾದ್ ಕಲ್ಲು. ಕೌದಿಗೆ ಮೂರು ಕಲ್ಲು ಉದ್ದ, ಎರಡು ಕಲ್ಲು ಅಗಲ. ಕಲ್ಲಿನ ಸಂದಿನ ಗೆರೆಗೆ ಬಟ್ಟೆಯ ಅಂಚು ಕೂರಿಸಿದರೆ ಸೊಟ್ಟ ಆಗುವ ಮಾತೇ ಇಲ್ಲ. ಮಧ್ಯಾಹ್ನವೂ ಆ ಕಲ್ಲು ತಣ್ಣಗಿರುತ್ತದೆ, ಕಾಲು ಚಾಚಿ ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಫ್ಯಾನ್ ಮಾತ್ರ ಆರಿಸಬೇಕು, ಇಲ್ಲದಿದ್ದರೆ ಆಪಾ ಜೋಡಿಸಿಟ್ಟ ತುಂಡೆಲ್ಲ ಅಡುಗೆಮನೆ ಸೇರುತ್ತವೆ.

ಹೊಲಿಗೆ ಎಲ್ಲಿಂದ ಶುರು ಮಾಡಬೇಕು ಅನ್ನುವುದರ ಮೇಲೆ ನಮ್ಮಲ್ಲಿ ಒಳ್ಳೆ ಜಗಳವೇ ಆಯಿತು. ನಾನು ಮಧ್ಯದಿಂದ ಅಂದೆ. ನಡುವಿನಿಂದ ಹೊರಗೆ ಹೋದರೆ ಸುಕ್ಕು ಅಂಚಿಗೆ ಸರಿದು ಹೋಗುತ್ತದೆ. ಕಾಕು ಒಪ್ಪಲಿಲ್ಲ.

"ಅಂಚಿನಿಂದ ಸುರು ಮಾಡಬೇಕವ್ವಾ. ನಾಕ್ ಮಂದಿ ನಾಕ್ ಕಡಿ ಕುಂತು ಹೊಲಿಬೇಕಂದ್ರ ನಡಬರಕ ಹೆಂಗ್ ಕೈ ಮುಟ್ತದ?"

"ಹೊಟ್ಟಿ ಉಬ್ಬಿ ಬರ್ತದಲ್ರಿ ಕಾಕು."

"ಉಬ್ಬಲಾರ್ದಂಗ ಹೊಲಿ."

ಕಾಕು ಹೇಳಿದ್ದರಲ್ಲೂ ಅರ್ಥವಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳೂ ತಮ್ಮ ಕೌದಿಯನ್ನು, ಅವರು ಕರೆಯುವ ಕವಂದಿಯನ್ನು, ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ಎರಡೂ ಮಾಡಿದೆವು. ಮೊದಲು ಬೇರೆ ಬಣ್ಣದ ದಾರದಲ್ಲಿ ನಡುವಿನಿಂದ ನಾಲ್ಕೂ ಮೂಲೆಗೆ, ಆಮೇಲೆ ಅಡ್ಡ ಉದ್ದ ಕಚ್ಚಾ ಟಾಕಿ, ಒಂದೊಂದು ಗೇಣಿಗೆ ಒಂದು ಸಾಲು. ಪದರ ಅಲ್ಲಾಡದ ಹಾಗೆ ಕೂತ ಮೇಲೆ ಕಾಕು ಹೇಳಿದಂತೆ ಅಂಚಿನಿಂದ ಒಳಗೆ ಪಕ್ಕಾ ಹೊಲಿಗೆ, ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ಮುಗಿದಂತೆ ಕಚ್ಚಾ ದಾರ ಕಿತ್ತು ತೆಗೆಯುತ್ತಾ ಹೋದೆವು. ನಡುವೆ ಎಲ್ಲೂ ಉಬ್ಬಲಿಲ್ಲ. ಇಬ್ಬರೂ ಗೆದ್ದೆವು ಅಂತ ಇಬ್ಬರೂ ತಿಳಿದುಕೊಂಡಿದ್ದೇವೆ.

ದಾರ ಮೊಳಕೈ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು, ಉದ್ದವಾದರೆ ಸಿಕ್ಕು. ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಬಟ್ಟೆಯೊಳಗೆ ಸಲೀಸಾಗಿ ಹೋಗುತ್ತದೆ. ಏಪ್ರಿಲ್‌ನಲ್ಲಿ ಬೆವರಿಗೆ ಸೂಜಿ ಜಾರುತ್ತದೆ, ಪಕ್ಕದಲ್ಲಿ ಪೌಡರ್ ಡಬ್ಬಿ ಇರಲಿ. ಮಷೀನಿನಲ್ಲಿ ಯಾಕೆ ಹೊಲಿಯಬಾರದು ಅಂತ ಕೇಳುತ್ತಾರೆ. ಹೊಲಿಯಬಹುದು, ಮೇಲಿನ ತುಂಡು ಜೋಡಿಸಲು ನಾನೂ ಮಷೀನ್ ತುಳಿಯುತ್ತೇನೆ. ಪದರ ಸೇರಿಸುವ ಹೊಲಿಗೆ ಮಷೀನಿನಲ್ಲಿ ಹಾಕಿದರೆ ಕೌದಿ ಬಿರುಸಾಗುತ್ತದೆ, ಅಷ್ಟೇ.

ಇನ್ನು ಮಾಳಿಗೆಯ ತೋಟ. ಅದಕ್ಕೆ ಬೆಳಗಿನ ಹೊತ್ತು, ಆಫೀಸಿಗೆ ಹೊರಡುವ ಮುಂಚೆ. ನಮ್ಮ ಕಪ್ಪು ಎರೆ ಮಣ್ಣು ಹೊಲಕ್ಕೆ ಬಂಗಾರ, ಕುಂಡಕ್ಕೆ ಒಂಟಿಯಾಗಿ ಆಗಿಬರುವುದಿಲ್ಲ. ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಆ ಸಂದಿಯಲ್ಲಿ ಇಳಿದು ತಳದಿಂದ ಹೊರಗೆ ಹೋಗುತ್ತದೆ, ಬೇರಿಗೆ ಒಂದು ಹನಿಯೂ ಇಲ್ಲ. ಅದಕ್ಕೆ ಒಂದು ಪಾಲು ಎರೆ ಮಣ್ಣಿಗೆ ಒಂದು ಪಾಲು ಹಳೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಮೇಲೆ ಒಣ ಬೇವಿನ ಎಲೆ ದಪ್ಪಗೆ ಹೊದಿಸುತ್ತೇನೆ.

ಟೊಮ್ಯಾಟೊ ಬೇಸಿಗೆಯಲ್ಲಿ ಬೇಡ. ಈ ಬಿಸಿಗೆ ಹೂವು ಉದುರುತ್ತವೆ, ಕಾಯಿ ಕಟ್ಟುವುದಿಲ್ಲ. ಪುಂಡಿ, ರಾಜಗಿರಿ, ಬೆಂಡೆ ತಡೆಯುತ್ತವೆ. ಹೀರೆಬಳ್ಳಿಗೆ ತೊಗರಿ ಕಟ್ಟಿಗೆಯ ಚಪ್ಪರ, ಅದರ ಮೇಲೆ ಗ್ರೀನ್ ನೆಟ್. ತೊಗರಿ ನಾಡಲ್ಲಿ ಕಟ್ಟಿಗೆಗೆ ಏನು ಬರ, ಅಲ್ವಾ?

ಹೀರೆಯ ಹೂವು ಅರಳುವುದು ಸಂಜೆ. ಅಷ್ಟು ಹೊತ್ತಿಗೆ ನಮ್ಮ ಹೊಲಿಗೆ ಮುಗಿದಿರುತ್ತದೆ. ಎಲ್ಲರೂ ಮಾಳಿಗೆ ಹತ್ತುತ್ತೇವೆ. ಮಾಳಿಗೆ ಮೇಲೆ ಜೇನುಹುಳ ಕಮ್ಮಿ, ಆದ್ದರಿಂದ ಪರಾಗ ಮುಟ್ಟಿಸುವ ಕೆಲಸ ನಮ್ಮದೇ. ಗೊಂಚಲಲ್ಲಿ ಬರುವುದು ಗಂಡು ಹೂವು. ಹೆಣ್ಣು ಹೂವಿನ ಹಿಂದೆ ಬೆರಳುದ್ದದ ಎಳೆ ಕಾಯಿ ಮೊದಲೇ ಇರುತ್ತದೆ. ಗಂಡು ಹೂವು ಕಿತ್ತು, ಪಕಳೆ ಹಿಂದಕ್ಕೆ ಮಡಚಿ, ಹಳದಿ ಪುಡಿ ಹೆಣ್ಣು ಹೂವಿನ ನಡುವಿಗೆ ತಾಗಿಸಬೇಕು. ಆಪಾ ಇದರಲ್ಲಿ ಎತ್ತಿದ ಕೈ. ಅವರು ಮುಟ್ಟಿದ ಹೂವು ಕಾಯಿ ಆಗದೆ ಉದುರಿದ್ದು ನಾನು ಕಂಡಿಲ್ಲ. ಕಾಯಿ ಬಂದಾಗ ಹಂಚಿಕೆಯಲ್ಲೂ ಅವರಿಗೇ ಮೊದಲ ಪಾಲು.

ಕೌದಿಗೆ ಬಾರದ ಸಣ್ಣ ಚಿಂದಿಯೂ ಮಾಳಿಗೆ ಸೇರುತ್ತದೆ. ಹತ್ತಿ ಚಿಂದಿ ಉದ್ದಕ್ಕೆ ಸೀಳಿ ಬತ್ತಿಯಂತೆ ಹೊಸೆದು ನೀರಲ್ಲಿ ತೋಯಿಸುತ್ತೇನೆ. ಒಂದು ತುದಿ ನೀರಿನ ಡಬ್ಬಿಯ ತಳಕ್ಕೆ, ಇನ್ನೊಂದು ತುದಿ ಬೇರಿನ ಹತ್ತಿರ ಮಣ್ಣಲ್ಲಿ ಹೂಳುತ್ತೇನೆ. ಡಬ್ಬಿ ಕುಂಡಕ್ಕಿಂತ ಸ್ವಲ್ಪ ಎತ್ತರ ಇರಲಿ. ಎರಡು ದಿನ ಊರಿಗೆ ಹೋದರೂ ಪುದೀನ ಬಾಡುವುದಿಲ್ಲ. ದೊಡ್ಡ ಕುಂಡಕ್ಕೆ ಇದು ಸಾಲದು, ಬಳ್ಳಿಗೆ ಕೊಡದಿಂದಲೇ ನೀರು ಹಾಕಬೇಕು.

ಈ ಸಲದ ಕೌದಿ ವೈನಿಯ ಮಗಳ ಬಾಣಂತನಕ್ಕೆ. ಕೊನೆಯ ತುಂಡು ಮುಚ್ಚುವ ಮುಂಚೆ ಕಾಕು ಅದರೊಳಗೆ ಚೂರು ಒಣ ರೊಟ್ಟಿ, ಚೂರು ಬೆಲ್ಲ ಇಟ್ಟರು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡಬಾರದಂತೆ. ಇರುವೆ ಬರುತ್ತವೆ ಅಂತ ನಾನು ಗೊಣಗಿದೆ. "ಬರ್ಲಿ ಬಿಡು, ಅವಕ್ಕೂ ಹೊಟ್ಟಿ ಅದ," ಅಂದರು.

ಅದನ್ನು ಮಾಳಿಗೆಯ ತಂತಿಗೆ ಹಾಕಿದ್ದಾಗ ಎದುರು ಮನೆಗೆ ಹೊಸದಾಗಿ ಬಂದವರು ನೋಡಿ ಕೇಳಿದರು, "ಇಂಥದ್ದು ಒಂದು ಎಷ್ಟಕ್ಕೆ ಕೊಡ್ತೀರಿ?" ನಾನು ಲೆಕ್ಕ ಹಾಕುವ ಮೊದಲೇ ಕಾಕು ಹೇಳಿಬಿಟ್ಟರು, "ರೊಕ್ಕ ಬ್ಯಾಡ್ರಿ. ಹಳಿ ಸೀರಿ ತರ್ರಿ, ಕುಂತು ಹೊಲೀರಿ, ನಿಮ್ದು ನೀವೇ ಒಯ್ಯಿರಿ." ಮುಂದಿನ ಶನಿವಾರ ಅವರು ಎರಡು ಚೀಲ ತುಂಬಿಕೊಂಡು ಬಂದರು. ಕಡ್ಡಿಪೆಟ್ಟಿಗೆ ತೆಗೆದು ನೋಡಿದರೆ ಒಂದು ಚೀಲ ಪೂರ್ತಿ ಪಾಲಿಸ್ಟರ್. ಅದರಲ್ಲಿ ಆಪಾ ಈಗ ಅವರಿಗೆ ಸಂತೆಚೀಲ ಹೊಲಿಯುವುದು ಕಲಿಸುತ್ತಿದ್ದಾರೆ. ಇನ್ನೊಂದು ಚೀಲದ ಸೀರೆಗಳನ್ನು ನೀರಿಗೆ ಹಾಕಿದ್ದೇವೆ.