ಕೊನೆಯ ಪಂದ್ಯದಿಂದ ಮೊದಲ ಕ್ಯಾಂಪ್‌ವರೆಗೆ: ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಹದಿನಾರು ವಾರ

ಸೀಸನ್ನಿನ ಕೊನೆಯ ಪಂದ್ಯ ಮುಗಿದ ಮೇಲೆ ಹೊಸ ಸೀಸನ್ನಿನ ಕ್ಯಾಂಪ್ ಶುರುವಾಗುವವರೆಗೆ ನನ್ನ ಕೈಗೆ ಸಿಗುವುದು ಸುಮಾರು ಹದಿನಾರು ವಾರ. ಅದರೊಳಗೇ ಪರೀಕ್ಷೆಯೂ ಬರುತ್ತದೆ, ರಜೆಯೂ ಬರುತ್ತದೆ. ಹಾಗಾಗಿ ಒಬ್ಬೊಬ್ಬ ಆಟಗಾರನಿಗೆ ನಾನು ಕೊಡುವುದು ಎರಡೇ ಕೆಲಸ: ಚೆಂಡಿನದು ಒಂದು, ಮೈಯದು ಒಂದು. ಮೂರನೆಯದನ್ನು ಸೇರಿಸಿದರೆ ಮೊದಲಿನ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಆ ಎರಡು ಯಾವುವು ಎಂಬುದನ್ನು ಆಟಗಾರನ ಆಸೆಗೂ ಬಿಡುವುದಿಲ್ಲ, ಸೋತ ಪಂದ್ಯದ ಮೇಲಿನ ನನ್ನ ಸಿಟ್ಟಿಗೂ ಬಿಡುವುದಿಲ್ಲ. ಮುಗಿದ ಸೀಸನ್ನಿನ ಸ್ಕೋರ್‌ಶೀಟು ಮತ್ತು ವಿಡಿಯೊ ಹೇಳಿದ್ದೇ ಕೊನೆ.

ಮೊದಲು ತಂಡದ ಲೆಕ್ಕ. ಪಂದ್ಯಕ್ಕೆ ಎಷ್ಟು ಪಾಯಿಂಟ್ ಎಂಬ ಸರಾಸರಿಯನ್ನು ನಾನು ನೋಡುವುದಿಲ್ಲ; ಓಡಿ ಆಡುವ ತಂಡಕ್ಕೆ ಅದು ಹೇಗೂ ಹೆಚ್ಚಿರುತ್ತದೆ. ಪೊಸೆಷನ್, ಅಂದರೆ ಚೆಂಡು ನಮ್ಮ ಕೈಗೆ ಬಂದ ಸರದಿಗಳನ್ನು, ಎಣಿಸುತ್ತೇನೆ. ಒಟ್ಟು ಶಾಟ್‌ಗಳಿಗೆ ಫ್ರೀ ಥ್ರೋಗಳ (ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) 0.44 ಪಾಲನ್ನೂ ಟರ್ನೋವರ್‌ಗಳನ್ನೂ (ಶಾಟ್ ಹೊಡೆಯದೆ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಆಫೆನ್ಸಿವ್ ರೀಬೌಂಡ್‌ಗಳನ್ನು (ತಪ್ಪಿದ ನಮ್ಮ ಶಾಟ್‌ನ ಚೆಂಡನ್ನು ನಾವೇ ಮತ್ತೆ ಹಿಡಿದದ್ದು) ಕಳೆದರಾಯಿತು. 62 ಶಾಟ್, 18 ಫ್ರೀ ಥ್ರೋ, 16 ಟರ್ನೋವರ್, 10 ಆಫೆನ್ಸಿವ್ ರೀಬೌಂಡ್ ಇದ್ದರೆ ಸುಮಾರು 76 ಪೊಸೆಷನ್ ಆಗುತ್ತದೆ. 0.5 ಬಿಟ್ಟು 0.44 ಯಾಕೆಂದರೆ, ಬುಟ್ಟಿಯ ಜೊತೆಗೆ ಸಿಗುವ ಒಂಟಿ ಫ್ರೀ ಥ್ರೋ, ಟೆಕ್ನಿಕಲ್ ಫೌಲ್‌ನದು, ಮೂರು ಪಾಯಿಂಟ್ ಶಾಟ್ ಮೇಲಿನ ಫೌಲ್‌ಗೆ ಸಿಗುವ ಮೂರು, ಇವೆಲ್ಲ ಎರಡಕ್ಕೊಂದು ಪೊಸೆಷನ್ ಎಂಬ ಲೆಕ್ಕಕ್ಕೆ ಕೂರುವುದಿಲ್ಲ. ಈಗ 16 ಟರ್ನೋವರನ್ನು 76ರಿಂದ ಭಾಗಿಸಿದರೆ ಶೇ 21. ಅಂದರೆ ಐದು ಸಲ ಚೆಂಡು ಸಿಕ್ಕರೆ ಒಂದು ಸಲ ಶಾಟ್ ಕೂಡ ಹೊಡೆಯದೆ ಎದುರಾಳಿಯ ಕೈಗೆ ಕೊಟ್ಟು ಬಂದ ಹಾಗೆ. ಬಾಸ್ಕೆಟ್‌ಬಾಲ್ ಅಂಕಿಅಂಶಗಳ ತಜ್ಞ ಡೀನ್ ಆಲಿವರ್ ರೂಢಿಗೆ ತಂದ ನಾಲ್ಕು ಅಂಶಗಳ ಕ್ರಮವನ್ನೇ ನಾನೂ ಹಿಡಿಯುತ್ತೇನೆ: ಶಾಟ್‌ನ ಫಲ, ಟರ್ನೋವರ್, ಆಫೆನ್ಸಿವ್ ರೀಬೌಂಡ್, ಫ್ರೀ ಥ್ರೋ. ಅವುಗಳಿಗೆ ಅವರು ಕೊಟ್ಟ ತೂಕ ಕ್ರಮವಾಗಿ ಸುಮಾರು ಶೇ 40, 25, 20, 15.

ಶಾಟ್‌ನ ಫಲ ನೋಡುವಾಗ ಮೂರು ಪಾಯಿಂಟ್ ಬುಟ್ಟಿಯನ್ನು ಒಂದೂವರೆ ಎಂದು ಎಣಿಸಬೇಕು. ಮೂರು ಪಾಯಿಂಟ್ ಗೆರೆಯಾಚೆಯಿಂದ ಮೂರಕ್ಕೆ ಒಂದು ಹಾಕುವವನೂ ರಿಂಗ್ ಕೆಳಗೆ ಎರಡಕ್ಕೆ ಒಂದು ಹಾಕುವವನೂ ಶಾಟ್ ಒಂದಕ್ಕೆ ತರುವುದು ಒಂದೇ ಪಾಯಿಂಟ್. ನಡುವಿನ ದೂರದಿಂದ ಶೇ 40 ಹಾಕುವವನು ತರುವುದು 0.8. ಇದನ್ನು ಕಾಗದದ ಮೇಲೆ ತೋರಿಸಿದರೆ, ಎಲ್ಬೋ ಜಾಗದಿಂದ (ಫ್ರೀ ಥ್ರೋ ಗೆರೆಯ ತುದಿಗಳಿಂದ) ಹೊಡೆಯುವುದೇ ತನ್ನ ಕಲೆ ಎಂದುಕೊಂಡ ಹುಡುಗ ಅರ್ಧ ಒಪ್ಪುತ್ತಾನೆ. ಉಳಿದರ್ಧಕ್ಕೆ ವಿಡಿಯೊ ಬೇಕು.

ಒಬ್ಬ ಆಟಗಾರನ ಅಂಕಿಗಳ ಬಗ್ಗೆ ಮಾತ್ರ ಹುಷಾರಾಗಿರಬೇಕು. ನಿಜವಾದ ಸಾಮರ್ಥ್ಯ ಶೇ 35 ಇರುವವನು 100 ಶಾಟ್ ಹೊಡೆದರೆ, ಬರೀ ಅದೃಷ್ಟದಿಂದಲೇ 30 ಅಥವಾ 40 ಬರುವುದು ಮಾಮೂಲು. ಕಾಲೇಜು ಸೀಸನ್ನಿನಲ್ಲಿ ಬಹಳ ಮಂದಿ ಗೆರೆಯಾಚೆಯಿಂದ ಅಷ್ಟು ಶಾಟ್ ಹೊಡೆದಿರುವುದೇ ಇಲ್ಲ. ಹೀಗಾಗಿ ಮೂರು ಪಾಯಿಂಟ್ ಶೇಕಡಾ ಒಂದನ್ನೇ ನೋಡಿ ಯಾರ ಕೈಯನ್ನೂ, ಅಂದರೆ ಶಾಟ್ ಹೊಡೆಯುವ ರೀತಿಯನ್ನೂ, ಬದಲಿಸುವುದಿಲ್ಲ. ಫ್ರೀ ಥ್ರೋ ಶೇಕಡಾವನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ. ಅಲ್ಲಿ ಡಿಫೆಂಡರ್ ಇಲ್ಲ, ದೂರ ಬದಲಾಗುವುದಿಲ್ಲ, ಅವಸರವಿಲ್ಲ. ಕೈಯ ನಿಜವಾದ ಗುಣ ಕಾಣುತ್ತದೆ. ಫ್ರೀ ಥ್ರೋ ಶೇ 80, ಮೂರು ಪಾಯಿಂಟ್ ಶೇ 27 ಇದ್ದರೆ ಕೈಯಲ್ಲಿ ದೋಷವಿಲ್ಲ. ಪಾದ ಹೊಂದಿಸುವುದು ತಡವಾಗುತ್ತಿದೆ, ಇಲ್ಲವೇ ಹೊಡೆಯಬಾರದ ಶಾಟ್ ಹೊಡೆಯುತ್ತಿದ್ದಾನೆ. ಎರಡೂ ಕಡಿಮೆ ಇದ್ದರೆ ಆಗ ಕೈ ನೋಡಬೇಕು.

ವಿಡಿಯೊದಲ್ಲಿ ಹೆಚ್ಚು ಹೊತ್ತು ಹೋಗುವುದು ಟರ್ನೋವರ್‌ಗೆ. ಪ್ರತಿಯೊಂದನ್ನೂ ನಿಲ್ಲಿಸಿ, ಚೆಂಡು ಹೋಗುವುದಕ್ಕೆ ಎರಡು ಸೆಕೆಂಡ್ ಮುಂಚೆ ಏನಾಯಿತು ಎಂದು ಬರೆಯುತ್ತೇನೆ. ಸ್ಕೋರ್‌ಶೀಟ್‌ನಲ್ಲಿ ಎಲ್ಲವೂ ಒಂದೇ ಅಂಕಣಕ್ಕೆ ಬೀಳುತ್ತವೆ, ಮದ್ದು ಮಾತ್ರ ಬೇರೆ ಬೇರೆ. ಗಾಳಿಗೆ ಹಾರಿದ ಮೇಲೆ ಪಾಸ್ ಹುಡುಕುವವನಿಗೆ ಎರಡು ಕಾಲಲ್ಲಿ ನಿಲ್ಲುವುದನ್ನು ಕಲಿಸಬೇಕು. ಟ್ರ್ಯಾಪ್ ಬಂದ (ಇಬ್ಬರು ಡಿಫೆಂಡರ್‌ಗಳು ಮುತ್ತಿದ) ಕೂಡಲೇ ಮೂಲೆಯಲ್ಲಿ ಡ್ರಿಬಲ್ ನಿಲ್ಲಿಸುವವನಿಗೆ ಹಿಂದಕ್ಕೆ ಎರಡು ಡ್ರಿಬಲ್ ತೆಗೆದು ಜಾಗ ಮಾಡಿಕೊಳ್ಳುವುದು ಬರಬೇಕು. ಪೋಸ್ಟ್‌ಗೆ (ರಿಂಗ್ ಹತ್ತಿರ ನಿಂತವನಿಗೆ) ಪಾಸ್ ತಡವಾಗಿ ಕೊಡುವವನ ಸಮಸ್ಯೆ ಕೈಯದಲ್ಲ, ಕಣ್ಣಿನದು. ಚೆಂಡು ಸಿಗುವ ಮೊದಲೇ ಒಳಗೆ ನೋಡಿರುವುದಿಲ್ಲ. ಇವರೆಲ್ಲರಿಗೂ ಕೋನ್ ಇಟ್ಟು ಡ್ರಿಬಲ್ ಮಾಡಿಸುವುದು ನೋಡಲು ಚೆನ್ನ. ಆದರೆ ಈ ಮೂವರಲ್ಲಿ ಒಬ್ಬರ ಟರ್ನೋವರೂ ಅದರಿಂದ ಇಳಿಯುವುದಿಲ್ಲ.

ಮೊದಲ ಎರಡು ವಾರ ಚೆಂಡು ಮುಟ್ಟಬೇಡಿ ಎಂದೇ ಹೇಳುತ್ತೇನೆ. ಈಜು, ಸೈಕಲ್, ನಡಿಗೆ ಸಾಕು. ಈ ಹೊತ್ತಿನಲ್ಲೇ ಫಿಸಿಯೊ ಮುಂದೆ ಎಲ್ಲರ ಕಣಕಾಲು, ಮಂಡಿ, ಸೊಂಟ ತೋರಿಸಿಕೊಳ್ಳಬೇಕು. ಸೀಸನ್ನಿನಲ್ಲಿ ಪಟ್ಟಿ ಕಟ್ಟಿಕೊಂಡು ಆಡಿದ ಉಳುಕು ಬಿಡುವಿನಲ್ಲಿ ತಾನಾಗಿ ಸರಿಹೋಗುತ್ತದೆ ಎಂದುಕೊಳ್ಳುವುದು ತಪ್ಪು. ನೋವು ಹೋಗುತ್ತದೆ, ಸಮತೋಲ ಮರಳಿರುವುದಿಲ್ಲ. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲಿಸಿ ಎರಡೂ ಕಾಲನ್ನು ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಮೂರರಿಂದ ಆರನೇ ವಾರ ಬಲದ ಬುನಾದಿ. ವಾರಕ್ಕೆ ಮೂರು ದಿನ: ಸ್ಕ್ವಾಟ್, ಡೆಡ್‌ಲಿಫ್ಟ್ ಅಥವಾ ಅದರ ರೊಮೇನಿಯನ್ ರೂಪ, ಒಂಟಿ ಕಾಲಿನ ಸ್ಪ್ಲಿಟ್ ಸ್ಕ್ವಾಟ್, ಪುಲ್‌ಅಪ್, ಪುಶ್‌ಅಪ್, ಮೀನಖಂಡಕ್ಕೆ ಕಾಫ್ ರೇಸ್. ಒಂದೊಂದಕ್ಕೆ 3 ಸೆಟ್, 8ರಿಂದ 10 ಸಲ, ಇನ್ನೆರಡು ಎತ್ತಬಹುದು ಅನ್ನಿಸುವಲ್ಲಿ ನಿಲ್ಲಿಸಬೇಕು. ಏಳನೇ ವಾರದಿಂದ ಭಾರ ಏರಿಸಿ 4 ಸೆಟ್, 4ರಿಂದ 5 ಸಲ. ಆಗ ಜಿಗಿತ ಸೇರುತ್ತದೆ. ಜಿಗಿತ ಕಲಿಸುವ ಮೊದಲು ಇಳಿಯುವುದನ್ನು ಕಲಿಸಬೇಕು. 30 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಿಂದ ಇಳಿದು ಸದ್ದಿಲ್ಲದೆ ನಿಲ್ಲಬೇಕು, ಮಂಡಿ ಒಳಕ್ಕೆ ಬಾಗಬಾರದು. ಇದು ಬಾರದವರಿಗೆ ಎತ್ತರದ ಬಾಕ್ಸ್ ಜಂಪ್ ಕೊಡುವುದಿಲ್ಲ, ಎಷ್ಟು ಬಲವಿದ್ದರೂ ಸರಿ.

ಮಂಡಿಚಿಪ್ಪಿನ ಕೆಳಗಿನ ನೋವು ಬಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ತಂಡಕ್ಕೂ ಗೊತ್ತಿರುವ ಕಾಟ. ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ಇಳಿಯುತ್ತದೆ, ಆದರೆ ಸ್ನಾಯುರಜ್ಜು ಇನ್ನಷ್ಟು ಸೊರಗುತ್ತದೆ. ಮತ್ತೆ ಜಿಗಿಯಲು ಶುರುಮಾಡಿದ ವಾರವೇ ನೋವು ಹಾಜರ್. ಫಿಸಿಯೊ ಒಪ್ಪಿದ ಮೇಲೆ ನಾನು ಮಾಡಿಸುವುದು ಲೆಗ್ ಎಕ್ಸ್‌ಟೆನ್ಷನ್ ಯಂತ್ರದಲ್ಲಿ ಕಾಲನ್ನು ಅಲುಗಿಸದೆ 45 ಸೆಕೆಂಡ್ ಹಿಡಿಯುವುದು, 5 ಸಲ, ನಡುವೆ ಎರಡು ನಿಮಿಷ ಬಿಡುವು. ಭಾರ ಪೂರ್ಣ ಶಕ್ತಿಯ ಸುಮಾರು ಶೇ 70. ಅದಾದ ಮೇಲೆ ನಿಧಾನವಾದ, ಭಾರದ ಸ್ಕ್ವಾಟ್. ಆ ದಿನದ ನೋವಿಗಿಂತ ಮಾರನೆಯ ಬೆಳಗಿನ ನೋವು ಮುಖ್ಯ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಹಿಂದಿನ ದಿನಕ್ಕಿಂತ ಹೆಚ್ಚು ನೋಯುತ್ತಿದ್ದರೆ ಆ ವಾರದ ಜಿಗಿತ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಶಾಟ್. ಕೈಯ ರೀತಿ ಬದಲಿಸುವುದಿದ್ದರೆ ಅದು ಈ ಮೂರರಿಂದ ಆರನೇ ವಾರದಲ್ಲೇ ಆಗಬೇಕು. ಕ್ಯಾಂಪ್‌ಗೆ ನಾಲ್ಕು ವಾರ ಇರುವಾಗ ಬದಲಿಸಿದರೆ ಹಳೆಯದೂ ಹೋಗಿ ಹೊಸದೂ ಬರದೆ, ಸೀಸನ್ನಿನ ಮೊದಲ ತಿಂಗಳು ವ್ಯರ್ಥ. ಬಹುತೇಕರಲ್ಲಿ ತಿದ್ದಬೇಕಾದ್ದು ಚೆಂಡಿನ ಕಮಾನು. ರಿಂಗ್‌ನ ಒಳವ್ಯಾಸ 45 ಸೆಂಟಿಮೀಟರ್, 7ನೇ ಸೈಜ್ ಚೆಂಡಿನ ವ್ಯಾಸ ಸುಮಾರು 24. ಚೆಂಡು ನೇರ ಮೇಲಿನಿಂದ ಬಿದ್ದರೆ ಪೂರ್ತಿ 45 ತೆರೆದಿರುತ್ತದೆ. 45 ಡಿಗ್ರಿ ಕೋನದಲ್ಲಿ ಬಂದರೆ ಅದಕ್ಕೆ ಕಾಣುವ ಬಾಯಿ ಸುಮಾರು 32 ಸೆಂಟಿಮೀಟರ್, 35 ಡಿಗ್ರಿಯಲ್ಲಿ 26ಕ್ಕೂ ಕಡಿಮೆ, 30ಕ್ಕೆ ಇಳಿದರೆ 22.5, ಅಂದರೆ ಚೆಂಡಿಗಿಂತ ಚಿಕ್ಕದು, ರಿಂಗ್ ಮುಟ್ಟದೆ ಒಳಗೆ ಹೋಗುವ ದಾರಿಯೇ ಇಲ್ಲ. ಹಾಗಂತ ಆಕಾಶಕ್ಕೆ ಎಸೆಯುವುದೂ ಬೇಡ. ಕಮಾನು ಹೆಚ್ಚಿದಷ್ಟೂ ಬಲ ಹೆಚ್ಚು ಬೇಕು, ದೂರದ ಅಂದಾಜು ತಪ್ಪುತ್ತದೆ. ಒಳಬರುವಾಗ 45ರ ಆಸುಪಾಸು ಇದ್ದರೆ ಸಾಕು. ಫೋನನ್ನು ಸೈಡ್‌ಲೈನ್‌ನಲ್ಲಿ, ಶಾಟ್ ಹೊಡೆಯುವವನಿಗೂ ರಿಂಗ್‌ಗೂ ನಡುವೆ, ಅಡ್ಡಲಾಗಿ ಇಟ್ಟು ಚಿತ್ರಿಸಿ, ರಿಂಗ್ ಹತ್ತಿರದ ಫ್ರೇಮುಗಳನ್ನು ನಿಲ್ಲಿಸಿ ನೋಡಿದರೆ ಕೋನ ಗೊತ್ತಾಗುತ್ತದೆ.

ತಿದ್ದುವ ಕ್ರಮ ಹೀಗೆ. ರಿಂಗ್‌ನಿಂದ ಒಂದೂವರೆ ಮೀಟರ್ ದೂರದಲ್ಲಿ ಒಂದೇ ಕೈಯಲ್ಲಿ, ರಿಂಗ್ ಮುಟ್ಟದೆ ಒಳಗೆ ಹೋದ 25 ಬುಟ್ಟಿ. ಆಮೇಲೆ ಇನ್ನೊಂದು ಕೈ ಬರೀ ತಾಗಿಸಿ 25. ಅಲ್ಲಿಂದ ಒಂದೊಂದೇ ಹೆಜ್ಜೆ ಹಿಂದೆ. ರೀತಿ ಕೆಟ್ಟ ಕಡೆ ನಿಂತು ಒಂದು ಹೆಜ್ಜೆ ಮುಂದೆ ಬರಬೇಕು; ಆ ದಿನದ ಗಡಿ ಅದೇ. ಎರಡು ವಾರ ಮೂರು ಪಾಯಿಂಟ್ ಗೆರೆ ಹತ್ತಿರವೇ ಹೋಗಬಾರದು, ಅದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ. ಯಾರೂ ನೋಡದಾಗ 6.75 ಮೀಟರ್‌ನಿಂದ ಹತ್ತು ಎಸೆದು ಬರುತ್ತಾರೆ. ಕಾಲಿನ ಬಲ ಸಾಲದೆ ಮೊಣಕೈ ಹೊರಕ್ಕೆ ಹೋಗುತ್ತದೆ, ಮೂರು ದಿನದ ಕೆಲಸ ನೀರುಪಾಲು.

ಏಳನೇ ವಾರದಿಂದ ಪಂದ್ಯದ ವೇಗ. ಒಂದೇ ಜಾಗದಲ್ಲಿ ನಿಂತು 50 ಹೊಡೆದರೆ ಅಂಕಿ ಚೆಂದ ಬರುತ್ತದೆ, ಏಕೆಂದರೆ ಹಿಂದಿನ ಶಾಟ್‌ನ ತಪ್ಪನ್ನು ಮುಂದಿನದರಲ್ಲಿ ತಿದ್ದಿಕೊಳ್ಳಬಹುದು. ಪಂದ್ಯದಲ್ಲಿ ಆ ಎರಡನೇ ಅವಕಾಶ ಇಲ್ಲ. ಹಾಗಾಗಿ ಜಾಗ, ದೂರ, ಬರುವ ದಿಕ್ಕು ಪ್ರತಿ ಸಲ ಬದಲಾಗಬೇಕು. ಮೂವರ ಗುಂಪು: ಒಬ್ಬ ಹೊಡೆಯುತ್ತಾನೆ, ಒಬ್ಬ ಪಾಸ್ ಕೊಡುತ್ತಾನೆ, ಮೂರನೆಯವನು ಕೈ ಎತ್ತಿ ಓಡಿಬರುತ್ತಾನೆ. ಆ ಮೂರನೆಯವನು ಹತ್ತಿರ ಬಂದರೆ ಡ್ರೈವ್ (ಡ್ರಿಬಲ್ ಮಾಡುತ್ತಾ ರಿಂಗ್‌ನತ್ತ ನುಗ್ಗುವುದು), ದೂರವೇ ನಿಂತರೆ ಶಾಟ್. ಯಾವುದು ಎಂದು ಮೊದಲೇ ಹೇಳುವುದಿಲ್ಲ. ದಿನಕ್ಕೆ 150ರಿಂದ 200 ಶಾಟ್ ಹೀಗೆ ಹೊಡೆದರೆ ಸಾಕು, ನಿಂತಲ್ಲೇ ಹೊಡೆದ 500ಕ್ಕಿಂತ ಲಾಭ. ಫ್ರೀ ಥ್ರೋವನ್ನೂ ಸಾಲಾಗಿ ಐವತ್ತು ಹೊಡೆಸುವುದಿಲ್ಲ. ಓಟದ ನಡುವೆ, ಏದುಸಿರಿನಲ್ಲಿ, ಎರಡೆರಡೇ. ಪಂದ್ಯದಲ್ಲಿ ಸಿಗುವುದು ಎರಡೇ ತಾನೆ.

ಹನ್ನೊಂದನೇ ವಾರದಿಂದ ಆಟ ಸೇರಿಸುತ್ತೇನೆ, ಆದರೆ ಐವರ ಎದುರು ಐವರ ಪೂರ್ತಿ ಕೋರ್ಟ್ ಆಟ ಅಲ್ಲ. ಬಿಡುವಿನ ತಿಂಗಳಲ್ಲಿ ರೆಫರಿ ಇಲ್ಲದೆ ಆಡುವ ಅಂಥ ಆಟದಲ್ಲಿ ಡಿಫೆನ್ಸ್‌ಗೆ ಯಾರೂ ಹಿಂದಿರುಗುವುದಿಲ್ಲ, ರೀಬೌಂಡ್‌ಗೆ ಎದುರಾಳಿಯನ್ನು ಮೈಯಿಂದ ತಡೆದು ಬಾಕ್ಸ್ ಔಟ್ ಮಾಡುವವರಿಲ್ಲ, ಚೆಂಡು ಇಬ್ಬರ ಕೈಯಲ್ಲೇ ಸುತ್ತುತ್ತದೆ. ಮೂವರ ಎದುರು ಮೂವರು, ಅರ್ಧ ಕೋರ್ಟ್, 12 ಸೆಕೆಂಡ್ ಗಡುವು ಇಟ್ಟರೆ ಬಚ್ಚಿಟ್ಟುಕೊಳ್ಳಲು ಯಾರಿಗೂ ಜಾಗವಿಲ್ಲ. ಪ್ರತಿಯೊಬ್ಬನೂ ಸ್ಕ್ರೀನ್ ಕೊಡಬೇಕು (ಜೊತೆಯವನ ಡಿಫೆಂಡರ್‌ಗೆ ಅಡ್ಡ ನಿಲ್ಲಬೇಕು), ಎದುರಾಳಿಯನ್ನು ಹಿಡಿಯಬೇಕು, ತೀರ್ಮಾನ ಮಾಡಬೇಕು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ 3×3 (ಮೂವರ ಎದುರು ಮೂವರು) ಆಟದ ಅಧಿಕೃತ ಚೆಂಡಿನ ಸುತ್ತಳತೆ 6ನೇ ಸೈಜಿನದು, ತೂಕ 7ರದು. ಪುರುಷರ ತಂಡ ಈ ಅಭ್ಯಾಸಕ್ಕೆ ತನ್ನ 7ನೇ ಸೈಜ್ ಚೆಂಡನ್ನೇ ಬಳಸಬೇಕು, ಇಲ್ಲದಿದ್ದರೆ ಕೈಯ ಹಿಡಿತ ಗೊಂದಲಕ್ಕೆ ಬೀಳುತ್ತದೆ. ಅಮೆರಿಕದ ಕಾಲೇಜು ತಂಡಗಳ ಡ್ರಿಲ್‌ಗಳನ್ನು ತಂದು ಬಳಸುವವರು ಇನ್ನೊಂದನ್ನು ನೆನಪಿಡಬೇಕು: ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಪುರುಷರ ಆಟದಲ್ಲಿ ಶಾಟ್ ಕ್ಲಾಕ್ (ಶಾಟ್ ಹೊಡೆಯಲು ಇರುವ ಗಡುವು) 30 ಸೆಕೆಂಡ್, ಆಫೆನ್ಸಿವ್ ರೀಬೌಂಡ್ ಆದರೆ 20, ನಾವು ಆಡುವ ಫಿಬಾ ನಿಯಮದಲ್ಲಿ 24 ಮತ್ತು 14. ಅಲ್ಲಿ ನಾಲ್ಕು ಪಾಸ್ ಆದ ಮೇಲೆ ಬರುವ ಶಾಟ್‌ಗೆ ಇಲ್ಲಿ ಹೊತ್ತು ಸಾಲುವುದಿಲ್ಲ.

ದಮ್ಮು ಬರಲಿ ಎಂದು ಐದಾರು ಕಿಲೋಮೀಟರ್ ಓಡಿಸುವ ರೂಢಿ ಇನ್ನೂ ಹೋಗಿಲ್ಲ. ಮೊದಲ ವಾರಗಳಲ್ಲಿ ಸರಿ. ಆಮೇಲೆ ಬೇಕಾದದ್ದು ಸಣ್ಣ ಓಟ, ಸಣ್ಣ ಬಿಡುವು: ಬೇಸ್‌ಲೈನ್‌ನಿಂದ ಬೇಸ್‌ಲೈನ್‌ಗೆ (ಕೋರ್ಟ್‌ನ ಒಂದು ತುದಿಯಿಂದ ಇನ್ನೊಂದಕ್ಕೆ) 28 ಮೀಟರ್, ಹೋಗಿ ಬಂದು 30 ಸೆಕೆಂಡ್ ನಿಂತು, ಎಂಟು ಸಲ, ವಾರಕ್ಕೆ ಎರಡು ದಿನ, ಜಿಗಿತದ ದಿನ ಬಿಟ್ಟು. ಪರೀಕ್ಷೆಯ ವಾರಗಳಲ್ಲಿ ಎಲ್ಲದರ ಸಂಖ್ಯೆಯನ್ನೂ ಅರ್ಧ ಮಾಡುತ್ತೇನೆ, ಆದರೆ ಎತ್ತುವ ಭಾರ ಇಳಿಸುವುದಿಲ್ಲ. ವಾರಕ್ಕೆರಡು ದಿನ ಅರ್ಧ ಗಂಟೆ ಭಾರ ಎತ್ತಿದರೂ ಗಳಿಸಿದ ಬಲ ಆ ಕೆಲವು ವಾರ ಉಳಿಯುತ್ತದೆ. ನಿದ್ದೆಗೆಟ್ಟು ಓದಿದ ಮರುದಿನ ಜಿಗಿತದ ಅಭ್ಯಾಸ ಕೂಡದು.

ಮೂರು, ಏಳು, ಹನ್ನೆರಡು, ಹದಿನಾರನೇ ವಾರದ ಮೊದಲ ದಿನ ಅಳತೆ, ಹೊತ್ತು ಮತ್ತು ವಾರ್ಮ್‌ಅಪ್ ಪ್ರತಿ ಸಲ ಒಂದೇ. ನಿಂತಲ್ಲಿಂದ ಜಿಗಿತ, ಮೂರರಲ್ಲಿ ಉತ್ತಮವಾದದ್ದು. ಬೇಸ್‌ಲೈನ್‌ನಿಂದ ಆಚೆ ಕಡೆಯ ಫ್ರೀ ಥ್ರೋ ಗೆರೆವರೆಗಿನ 22.2 ಮೀಟರ್ ಓಟ. ಐದು ಜಾಗದಿಂದ ಒಟ್ಟು 100 ಶಾಟ್. 100ಕ್ಕೆ 38 ಇದ್ದದ್ದು 41 ಆದರೆ ಹಿಗ್ಗಬೇಕಿಲ್ಲ. ಅದು ಗಾಳಿ ಬಂದ ಹಾಗೆ ಬರುತ್ತದೆ, ಹೋಗುತ್ತದೆ. ಒಂದರ ಹಿಂದೊಂದು ಮೂರು ಅಳತೆಯಲ್ಲೂ ಅಂಕಿ ಏರುತ್ತಲೇ ಹೋದರೆ ನಂಬಬಹುದು. ತೂಕವನ್ನೂ ಬರೆದಿಡುತ್ತೇನೆ, ಮುಖ್ಯವಾಗಿ ರಿಂಗ್ ಹತ್ತಿರ ಆಡುವ ಎತ್ತರದ ಸೆಂಟರ್‌ಗಳದು. ಪೋಸ್ಟ್‌ನಲ್ಲಿ ತಳ್ಳಿಸಿಕೊಳ್ಳಬಾರದೆಂದು ತೂಕ ಏರಿಸುತ್ತಾ ಹೋಗಿ ಓಟ ನಿಧಾನವಾದರೆ, ಆ ಏರಿಕೆ ಎದುರಾಳಿಗೆ ಕೊಟ್ಟ ಉಡುಗೊರೆ. ಓಟದ ಸಮಯ ಕೆಡದಂತೆ ಎಷ್ಟು ಏರಿದರೂ ಸರಿ.

ಹದಿನೈದನೇ ವಾರಕ್ಕೆ ಇಡೀ ತಂಡ ಒಂದಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ. ಹುಡುಗ ಮೂರು ತಿಂಗಳು ಮೂಲೆಯ ಶಾಟ್ ಕಲಿತಿರುತ್ತಾನೆ, ತಂಡದ ಒಂದು ಪ್ಲೇಯಲ್ಲೂ (ಮೊದಲೇ ಗೊತ್ತುಮಾಡಿದ ದಾಳಿಯ ಚಲನೆಯಲ್ಲೂ) ಅವನು ಮೂಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಕ್ಯಾಂಪ್‌ನ ಮೊದಲ ಪ್ಲೇಗಳನ್ನು ಬರೆಯುವಾಗ ಪ್ರತಿ ಆಟಗಾರನ ಚೆಂಡಿನ ಕೆಲಸವನ್ನು ಪಕ್ಕದಲ್ಲಿಟ್ಟುಕೊಂಡು, ಅದು ಕನಿಷ್ಠ ಒಂದು ಪ್ಲೇಯಲ್ಲಾದರೂ ಬರುವಂತೆ ಮಾಡುತ್ತೇನೆ. ಮೂಲೆಯಲ್ಲಿ ಗೆರೆ ರಿಂಗ್‌ನಿಂದ 6.60 ಮೀಟರ್, ಸೈಡ್‌ಲೈನ್‌ಗೂ ಅದಕ್ಕೂ ನಡುವೆ ಇರುವ ಜಾಗ 90 ಸೆಂಟಿಮೀಟರ್ ಅಷ್ಟೇ. ಪಾಸ್ ಬರುವ ಮೊದಲೇ ಎರಡೂ ಪಾದ ಆ ಪಟ್ಟಿಯೊಳಗೆ ಇರಬೇಕು. ಅದನ್ನು ಮೊದಲ ದಿನದಿಂದಲೇ, ಪ್ಲೇಯ ಒಳಗೇ, ಡಿಫೆಂಡರ್ ಇಟ್ಟೇ ಮಾಡಿಸುತ್ತೇನೆ.